ದೀಪದ ಹೊತ್ತಿನ ವಿಮಾನ

ಗುಳೇದಗುಡ್ಡದ ಹೆಂಗಸರಿಗೆ ಒಂದಿಲ್ಲೊಂದು ಚಟ ಇದ್ದೇ ಇರುತ್ತದೆ. ಒಬ್ಬಳಿಗೆ ಚಹಾ, ಇನ್ನೊಬ್ಬಳಿಗೆ ಎಲೆಅಡಿಕೆ, ಮತ್ತೊಬ್ಬಳಿಗೆ ಮಂದಿಯ ಮನೆಯ ಸುದ್ದಿ. ಸಿದ್ದಲಿಂಗವ್ವನಿಗೆ ಇದ್ದದ್ದು ವಿಮಾನದ ಚಟ. ನಗಬೇಡಿ, ಖರೇ ಮಾತು.

ಕುಪ್ಪಸದ ಖಣ ನೇಯುವ ಅಂದಪ್ಪನ ಕೈಹಿಡಿದು ಶಿರೂರಿನಿಂದ ಈ ಊರಿಗೆ ಬಂದ ದಿನದಿಂದಲೂ ಆಕೆಯ ಕೆಲಸ ಲಾಳಿಯ ಕಂಡಿಕೆಗೆ ನೂಲು ಸುತ್ತುವುದು. ಗಂಡ ಮಗ್ಗದ ಗುಂಡಿಯಲ್ಲಿ, ಹೆಂಡತಿ ರಾಟೆಯ ಮುಂದೆ. ಮಗ್ಗದ ಸಪ್ಪಳದಲ್ಲಿ ಪಕ್ಕದಲ್ಲಿ ಕೂತವರು ಕೂಗಿದರೂ ಕೇಳಿಸದು. ಆದರೆ ಪುಣೆಯಿಂದ ಬೆಂಗಳೂರಿಗೆ ಹೋಗುವ ಸಂಜೆಯ ವಿಮಾನ ಇನ್ನೂ ಎಲ್ಲೋ ಘಟಪ್ರಭೆಯ ಆಚೆಗಿದ್ದರೂ ಸಿದ್ದಲಿಂಗವ್ವನ ಕಿವಿಗೆ ಮುಟ್ಟುತ್ತಿತ್ತು. ರಾಟೆ ಅಲ್ಲೇ ಬಿಟ್ಟು, ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ನಿಂತುಬಿಡುತ್ತಿದ್ದಳು. ಊರಿನ ಪಡುವಣಕ್ಕೆ, ಬಾದಾಮಿ ಗುಡ್ಡದ ನೆತ್ತಿಯ ಮೇಲೆ ಅದು ಹಾದು ಚುಕ್ಕೆಯಾಗುವ ತನಕ ಆಕೆಯನ್ನು ಇಳಿಸುವವರು ಯಾರೂ ಇರಲಿಲ್ಲ.

ಒಮ್ಮೆ ಎಲೆಕ್ಷನ್ ಕಾಲಕ್ಕೆ ಬಾಗಲಕೋಟೆಗೆ ಯಾರೋ ದೊಡ್ಡವರು ಹೆಲಿಕಾಪ್ಟರ್‌ನಲ್ಲಿ ಬಂದಿಳಿದರು. ಸಿದ್ದಲಿಂಗವ್ವ ಬಸ್ಸು ಹತ್ತಿ ಹೋದಳು. ಸಾವಿರ ಮಂದಿ ವೇದಿಕೆಯ ಕಡೆಗೆ ಮುಖ ಮಾಡಿ ಕೂತಿದ್ದರೆ, ಈಕೆಯೊಬ್ಬಳು ವೇದಿಕೆಗೆ ಬೆನ್ನು ಕೊಟ್ಟು ಹೆಲಿಕಾಪ್ಟರನ್ನೇ ನೋಡುತ್ತ ನಿಂತಿದ್ದಳು. ಬಂದವರು ಯಾರು ಎಂದು ಮನೆಯಲ್ಲಿ ಕೇಳಿದರೆ, "ಯಾರೋ ಏನೋ, ಮ್ಯಾಲಿನ ಪಂಕಾ ಮಾತ್ರ ಭಾಳ ಛಂದ ಐತಿ" ಎಂದಳಂತೆ!

ಅತ್ತೆ ಬಸಲಿಂಗವ್ವನಿಗೆ ಇದು ಸೇರುತ್ತಿರಲಿಲ್ಲ. ಹಾಗಂತ ಕೆಟ್ಟ ಅತ್ತೆಯಲ್ಲ. ಸೊಸೆ ಬಡಿದ ರೊಟ್ಟಿಯಾದರೇ ಉಣ್ಣುವವಳು, ಸೊಸೆಗೆ ಜ್ವರ ಬಂದರೆ ಕೂಡಲಸಂಗಮಕ್ಕೆ ಹರಕೆ ಹೊರುವವಳು. ಆದರೆ ಆ ವಿಮಾನ ಬರುತ್ತಿದ್ದದ್ದೇ ದೀಪ ಹಚ್ಚುವ ಹೊತ್ತಿಗೆ.

"ಲಕ್ಷ್ಮಿ ಮನಿ ಒಳಗ ಬರೋ ಹೊತ್ತಿನ್ಯಾಗ ಸೊಸಿ ಹೊರಗ ಓಡ್ತಾಳ. ಎಂಥಾ ಕಾಲ ಬಂತವಾ!"

"ಅತ್ತಿ, ಒಂದ ಸಾರೆ ಮ್ಯಾಲ ಬಂದು ನೋಡ್ರಿ. ಒಂದ ಸಾರೆ."

"ನನ್ನ ಮೊಣಕಾಲು ನಿನ್ನ ವಿಮಾನದಂಗ ಹಾರ್ತಾವೇನು? ಹೋಗು, ದೀಪ ಹಚ್ಚು."

ಮೊಣಕಾಲಿನ ನೋವು ನಿಜ. ಆದರೆ ಅಂಗಳದಲ್ಲಿ ನಿಂತಾಗಲೂ ಮುದುಕಿ ತಲೆ ಎತ್ತುತ್ತಿರಲಿಲ್ಲ. ಸದ್ದು ಕೇಳಿಸಿದರೆ ಬೇಕೆಂತಲೇ ಒಳಗೆ ಹೋಗುತ್ತಿದ್ದಳು. ಸಿದ್ದಲಿಂಗವ್ವನಿಗೆ ಇದೊಂದೇ ಕೊರತೆ. ತಾಯಿಯಿಲ್ಲದ ಆಕೆಗೆ ತಾಯಿಯೂ ಇವಳೇ. ತನಗೆ ಜೀವವಾದದ್ದನ್ನು ಇವಳೇ ನೋಡದಿದ್ದರೆ ಆ ಸುಖಕ್ಕೆ ಉಪ್ಪೇ ಇಲ್ಲ ಎನಿಸುತ್ತಿತ್ತು.

ಹೀಗಿರುವಾಗ ಎಂಬತ್ಮೂರನೇ ಇಸವಿಯಲ್ಲಿ ಪುಣೆಯಲ್ಲಿದ್ದ ತಂಗಿ ಮಾದೇವಿ ಹಡೆದಳು. ಬಾಣಂತನಕ್ಕೆ ಅಕ್ಕನೇ ಹೋಗಬೇಕಾಯಿತು. ಕೂಸಿಗೆ ಎರೆದು, ಬಾಣಂತಿಗೆ ಕಾಯಿಸಿ ಹಾಕಿ, ಕಾರ್ತಿಕ ಮಾಸಕ್ಕೆ ಊರಿಗೆ ಹೊರಡುವ ಮಾತು ಬಂತು. ಬಾಣಂತನ ಮಾಡಿದವರಿಗೆ ಸೀರೆ ಉಡಿಸಿ ಕಳಿಸುವುದು ಪದ್ಧತಿ. ತಂಗಿಯ ಗಂಡ ಕೇಳಿದ: "ಅಕ್ಕಾರ, ಎಂಥಾ ಸೀರಿ ತರ್ಲಿ?"

"ಸೀರಿ ಬ್ಯಾಡ ತಮ್ಮಾ. ಸೀರಿ ನಮ್ಮ ಇಲಕಲ್ಲದಾಗ ಸಿಗ್ತಾವ. ನನ್ನ ಆ ಸಂಜೀ ವಿಮಾನದಾಗ ಕೂಡಸು."

ಅವನು ಚಾಷ್ಟಿ ಎಂದುಕೊಂಡು ನಕ್ಕ. ಮಾದೇವಿ ಮಾತ್ರ, "ಆಕಿ ಚಾಷ್ಟಿ ಮಾಡಾಕತ್ತಿಲ್ಲ. ಲಗು ಟಿಕೀಟ ತಗಸ್ರಿ" ಎಂದು ಗಂಡನನ್ನು ಎಬ್ಬಿಸಿ ಕಳಿಸಿದಳು.

ಆ ವಾರ ಖಣದ ಗಂಟು ಹೊತ್ತು ಪುಣೆಯ ಪೇಟೆಗೆ ಬಂದಿದ್ದ ಅಂದಪ್ಪ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಲ್ಲಲೇ, ಊರ ಮ್ಯಾಲೆ ಹಾದು ಬೆಂಗಳೂರಿಗೆ ಹೋಗಿ, ಅಲ್ಲಿಂದ ರೈಲಿನಾಗ ತಿರುಗಿ ಊರಿಗೆ ಬರ್ತಿ? ಮೂಗು ಎಲ್ಲೈತಿ ಅಂದ್ರ ಸುತ್ತಿ ಬಳಸಿ ತೋರಿಸಿದಂಗಾತು!"

"ನಗ್ರಿ, ನಗ್ರಿ. ಸೋಮವಾರ ಸಂಜೀಕ ಮಾಳಗಿ ಮ್ಯಾಲ ಒಂದು ಕನ್ನಡಿ ಹಿಡಕೊಂಡು ನಿಂದರ್ರಿ. ಮುಳುಗೋ ಬಿಸಲಿಗೆ ಹಿಡದ್ರ ನನಗ ಕಾಣ್ತೈತಿ. ಮತ್ತ..." ಸಿದ್ದಲಿಂಗವ್ವನ ದನಿ ಸಣ್ಣದಾಯಿತು. "ಹೆಂಗರೆ ಮಾಡಿ ಅತ್ತಿನ್ನೂ ಹತ್ತಸ್ರಿ. ನಾ ಒಳಗ ಇರೂ ವಿಮಾನನರೆ ನೋಡ್ಲಿ."

"ನಮ್ಮವ್ವನ್ನ ಹತ್ತಸೂದಕ್ಕಿಂತ ಮಗ್ಗಾ ಹತ್ತಸೂದು ಸಸಾರ," ಎಂದ ಅಂದಪ್ಪ. ಆದರೂ ಆಗಲಿ ಎಂದು ಮಾತು ಕೊಟ್ಟ.

ಸೋಮವಾರ ಬಂತು. ತೆಂಕಣಕ್ಕೆ ಹೋಗುವ ವಿಮಾನದಲ್ಲಿ ನಮ್ಮೂರು ಎಡಕ್ಕೆ ಬೀಳುತ್ತದೆ ಎಂಬುದು ಸಿದ್ದಲಿಂಗವ್ವನಿಗೆ ಗೊತ್ತು. ಎಡಗಡೆಯ ಸೀಟೇ ಸಿಕ್ಕಿತು. ಆದರೆ ಕಿಟಕಿಯ ಪಕ್ಕದಲ್ಲಿ ಬಿಜಾಪುರ ಕಡೆಯ ಜೋಹರಾ ಎಂಬ ಮುದುಕಿ, ಕಿಟಕಿಯ ಮುಚ್ಚಳ ಎಳೆದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕೂತಿದ್ದಳು. ಬೆಂಗಳೂರಿನ ಮಗಳ ಮನೆಗೆ ಹೊರಟಿದ್ದಳಂತೆ.

ವಿಮಾನ ಓಡಿತು, ನೆಲ ಬಿಟ್ಟಿತು. ಸಿದ್ದಲಿಂಗವ್ವನ ಹೊಟ್ಟೆಯೊಳಗಿನ ಖುಷಿ ಗಂಟಲಿಗೆ ಬಂದು "ಯವ್ವಾ!" ಎಂದು ಹೊರಗೆ ಬಿತ್ತು. ಮುಂದಿನ ಸಾಲಿನವರು ತಿರುಗಿ ನೋಡಿದರು. ನೋಡಲಿ ಬಿಡಿ, ಅವರಿಗೇನು ಗೊತ್ತು!

"ಅಕ್ಕಾರ, ಕಿಟಕಿ ತಗೀರಿ. ನಾ ನೋಡಬೇಕ್ರಿ."

"ಬ್ಯಾಡ ತಂಗಿ! ಅಲ್ಲಾನ ಆಣಿ, ಕೆಳಗ ನೋಡಿದ್ರ ನನ್ನ ಜೀವ ಹೋಗ್ತೈತಿ."

"ಹಂಗಾರ ಜಾಗಾ ಬದಲಿ ಮಾಡೂಣ್ರಿ."

"ಈ ಪಟ್ಟಾ ಬಿಚ್ಚಿದ್ರ ಬೀಳ್ತೇನಿ. ನಾ ಬಿಚ್ಚಾಕಿ ಅಲ್ಲ."

ಏನು ಮಾಡುವುದು? ವಿಮಾನ ಯಾರಿಗೂ ಕಾಯುವುದಿಲ್ಲ. ಅಷ್ಟರಲ್ಲಿ ಕೃಷ್ಣೆ ದಾಟಿದರೋ ಏನೋ ಎಂದು ಸಿದ್ದಲಿಂಗವ್ವನ ಜೀವ ತುದಿಗಾಲಲ್ಲಿ ನಿಂತಿತು. ಕಡೆಗೆ ನಮ್ಮ ಕಡೆಯವರಿಗೆ ಗೊತ್ತಿರುವ ಒಂದೇ ಉಪಾಯ ಮಾಡಿದಳು. ಬುತ್ತಿ ಬಿಚ್ಚಿದಳು. ಕಡಕ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ. ವಾಸನೆಗೆ ಜೋಹರಾಳ ಒಂದು ಕಣ್ಣು ತೆರೆಯಿತು.

"ಶೇಂಗಾ ಚಟ್ನಿ? ನಮ್ಮ ಕಡಿದು?"

"ನಾನ ಕುಟ್ಟೀನ್ರಿ. ತಗೋರಿ."

ಒಂದು ರೊಟ್ಟಿ ಒಳಗೆ ಹೋಗುವಷ್ಟರಲ್ಲಿ ಮುದುಕಿಗೆ ಜೀವ ಮರಳಿತು. ಎರಡನೆಯದಕ್ಕೆ ಕೈ ಚಾಚುವಾಗ, "ಕೂಡು ತಂಗಿ, ಕೂಡು, ನನಗ್ಯಾಕ ಬೇಕು ಈ ಕಿಟಕಿ" ಎಂದು ತಾನೇ ಪಟ್ಟಿ ಬಿಚ್ಚಿ ಈಚೆ ಬಂದಳು.

ಸಿದ್ದಲಿಂಗವ್ವ ಮುಚ್ಚಳ ಎತ್ತಿದಳು. ಕೆಳಗೆ ಹಿಂಜಿದ ಹತ್ತಿಯಂಥ ಮೋಡ, ಬರೀ ಮೋಡ! ಆಕೆಯ ಕಣ್ಣು ತುಂಬಿದವು. ಆಮೇಲೆ ಮೋಡ ಹರಿಯಿತು. ಘಟಪ್ರಭೆ ಕಂಡಿತು, ದಂಡೆಯ ಮೇಲೆ ಬಾಗಲಕೋಟೆ ಕಂಡಿತು. ಅದರಾಚೆ ಕೆಂಪು ಗುಡ್ಡಗಳ ಮಗ್ಗುಲಲ್ಲಿ ಅಂಗೈಯಷ್ಟು ಊರು. ತನ್ನ ಊರು.

ಅಲ್ಲಿಂದ ಫಳಕ್ ಎಂದು ಒಂದು ಬೆಳಕು ಬಂತು. ಮತ್ತೊಂದು. ಮಗ್ಗುಲಿಗೆ ಇನ್ನೊಂದು. ನೋಡನೋಡುತ್ತ ಇಡೀ ಊರು ಫಳಫಳ ಎನ್ನತೊಡಗಿತು. ಅಂದಪ್ಪನ ಬಾಯಿ ಎಂದರೆ ಬೊಂಬಾಯಿ. ಹೆಂಡತಿಯ ಗುಟ್ಟನ್ನು ಚಹಾದಂಗಡಿಯಲ್ಲಿ ಒಮ್ಮೆ ಹೇಳಿದ್ದೇ ಸಾಕಾಗಿತ್ತು. ಕ್ಷೌರದಂಗಡಿಯ ಕನ್ನಡಿ, ಕಪಾಟಿನ ಕನ್ನಡಿ, ತಿಕ್ಕಿದ ತಾಟು, ಎಲ್ಲವೂ ಮಾಳಿಗೆ ಹತ್ತಿದ್ದವು.

ಸಿದ್ದಲಿಂಗವ್ವ ನಕ್ಕಳು, ಅತ್ತಳು, ಎರಡನ್ನೂ ಕೂಡಿಯೇ ಮಾಡಿದಳು. ಹೆದರಿಕೆ ಮರೆತ ಜೋಹರಾ ಆಕೆಯ ಹೆಗಲ ಮೇಲಿಂದ ಬಗ್ಗಿ ಕೇಳಿದಳು: "ಯಾ ಅಲ್ಲಾ! ಇದರಾಗ ನಿನ್ನ ಮನಿ ಯಾವುದವಾ?"

"ಗೊತ್ತಾಗವಲ್ದ್ರಿ ಅಕ್ಕಾರ."

ಅಲ್ಲೇ ಮುಳ್ಳು ಚುಚ್ಚಿತು. ಇಷ್ಟೊಂದು ಬೆಳಕಿನಲ್ಲಿ ಅತ್ತೆ ಇದ್ದಾಳೋ ಇಲ್ಲವೋ, ಹೇಗೆ ತಿಳಿಯಬೇಕು? ಅಷ್ಟರಲ್ಲಿ ವಿಮಾನ ಗುಡ್ಡದ ಮೇಲೆ ಎಡಕ್ಕೆ ವಾಲಿತು. ಊರೆಲ್ಲ ಕಿಟಕಿಯ ತುಂಬ ಬಂದು, ಹಿಂದಕ್ಕೆ ಸರಿದುಹೋಯಿತು.

ಬೆಂಗಳೂರಿನಲ್ಲಿ ಸಂಬಂಧಿಕರೊಬ್ಬರು ರೈಲು ಹತ್ತಿಸಿದರು. ಮರುದಿನ ಸ್ಟೇಷನ್ನಿಗೆ ಬಂದ ಗಂಡನಿಗೆ ಸಿದ್ದಲಿಂಗವ್ವ ಕೇಳಿದ ಮೊದಲ ಮಾತು: "ಅತ್ತಿ ಹತ್ತಿದ್ರೇನ್ರಿ?"

"ನನಗೇನು ಗೊತ್ತು? ಕರದೆ, ಒಲ್ಲೆ ಅಂದ್ಲು. ಎತ್ತರ ಇರ್ಲಿ ಅಂತ ನಾ ಓಣಿ ಹುಡುಗರನ್ನ ಕರಕೊಂಡು ಆಚೀ ಓಣಿ ಚಂದವ್ವನ ಮಹಡಿ ಮ್ಯಾಲ ಹೋಗಿದ್ದೆ. ತಿರುಗಿ ಬಂದಾಗ ದೀಪದ ಮುಂದ ಕುಂತಿದ್ಲು."

ಸಿದ್ದಲಿಂಗವ್ವ ಗಂಟು ಎತ್ತಿಕೊಂಡು ಮುಂದೆ ನಡೆದಳು.

ಮನೆಯಲ್ಲಿ ಬಸಲಿಂಗವ್ವ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು. "ಬಂದ್ಯಾ? ಕಾಲು ತೊಳಕೋ, ರೊಟ್ಟಿ ಆರ್ತಾವ" ಎಂದಳು, ಅಷ್ಟೇ. ವಿಮಾನದವರು ಕೊಟ್ಟಿದ್ದ ಪೆಪ್ಪರಮೆಂಟನ್ನು ಸೊಸೆ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಮುದುಕಿ ಬಾಯಿಗೆ ಹಾಕಿಕೊಂಡು ಈ ದವಡೆಯಿಂದ ಆ ದವಡೆಗೆ ಹೊರಳಿಸಿದಳು. ಮಗ, ಸೊಸೆ ಉಣ್ಣುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುದುಕಿ ತಡೆಯಲಾರದೆ ಕೇಳಿದಳು:

"ಅಲ್ಲವಾ, ಗುಡ್ಡದ ಮ್ಯಾಲ ಬಂದಾಗ ಅದ್ಯಾಕ ಒಂದ ಮಗ್ಗಲಾಗಿ ವಾಲಿತು? ನನ್ನ ಎದಿ ಧಸಕ್ ಅಂತು. ಬಿದ್ದಗಿದ್ದೀತು ಅಂತ ಕೈಯಾನ ಆರತಿ ತಾಟು ಕೆಳಗ ಅಂಗಳಕ್ಕ ಒಗದಬಿಟ್ಟೆ."

ಅಂದಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಸಿದ್ದಲಿಂಗವ್ವ ಅತ್ತೆಯ ಎಣ್ಣೆಮೊಣಕಾಲು ಹಿಡಿದುಕೊಂಡು ಬಿಕ್ಕಿಬಿಕ್ಕಿ ನಕ್ಕಳು.

"ಏನು ನಗ್ತೀಯವಾ? ಉಣ್ಣು ಸುಮ್ಮನ," ಎಂದು ಮುದುಕಿ ಗದರಿದಳು.

ಮತ್ತೆ ವಿಮಾನ ಬರುವ ದಿನ ಬಂತು. ಹೊತ್ತು ಇನ್ನೂ ಗುಡ್ಡದ ಮೇಲಿತ್ತು. ಸಿದ್ದಲಿಂಗವ್ವ ರಾಟೆ ತಿರುವುತ್ತಿದ್ದಳು. ಒಳಗಿನಿಂದ ಅತ್ತೆಯ ದನಿ ಬಂತು:

"ಸಿದ್ದವ್ವಾ, ಇವತ್ತ ದೀಪ ಜರಾ ಲಗೂನ ಹಚ್ಚಿಬಿಡು. ಆಮ್ಯಾಲ ಬಂದು ನನಗ ನಿಚ್ಚಣಿಕಿ ಹಿಡಿ."