ಹುಕ್ಕೇರಿಯಿಂದ ಬರುತ್ತಿದ್ದ ಒಪ್ಪಿಗೆ

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಝೆರಾಕ್ಸ್ ಅಂಗಡಿಗೂ ಟೇಲರ್ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಒಂದು ಖೋಲಿಯಲ್ಲಿ ತ್ರಿಶಲಾ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಳು. ಸಂಕೇಶ್ವರದ ಜೈನರ ಮಗಳು. ಅಪ್ಪ ಬಾಬಾಸಾಹೇಬರು ರೇಡಿಯೋ ಬಿಚ್ಚಿ ಜೋಡಿಸಿ ಸಂಸಾರ ನಡೆಸಿದವರು. ಬೆಸುಗೆಯ ಹೊಗೆಯಲ್ಲೇ ಆಕೆ ಬೆಳೆದಳು. ಡಿಪ್ಲೊಮಾ ಮುಗಿಸಿದ ಮೇಲೆ ಗೋಕಾಕದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಈ ಅಂಗಡಿ ತೆರೆದಿದ್ದಳು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆತನವಾದ್ದರಿಂದ ಸಂಜೆ ಬೇಗ ಬಾಗಿಲು ಹಾಕಿಬಿಡುವಳು. ಅವಸರದ ಗಿರಾಕಿಗಳು ಗೊಣಗುತ್ತಿದ್ದರು, ಆದರೂ ಮರುದಿನ ಅಲ್ಲಿಗೇ ಬರುತ್ತಿದ್ದರು.

ಅಪ್ಪಣ್ಣ ಡಾಕ್ಟರ ಕೆಲಸ ಆಕೆಯ ಕೈಗೆ ಬಂದದ್ದು 2007ರ ಬೇಸಿಗೆಯಲ್ಲಿ. ಅವರದು ಗೋಕಾಕದಲ್ಲಿ ರಕ್ತ ಪರೀಕ್ಷೆಯ ಲ್ಯಾಬು, ಮೂಡಲಗಿಯಲ್ಲಿ ಅದರದೇ ಒಂದು ಸಣ್ಣ ಶಾಖೆ. ಮನೆ ಮಾತ್ರ ಹುಕ್ಕೇರಿ. ಎಷ್ಟೋ ವರ್ಷ ದಿನವೂ ಹೋಗಿ ಬಂದು ಮಾಡಿದ್ದರು. ಈಗ ಎದೆ ನೋವು ಶುರುವಾಗಿ ಓಡಾಟ ಬೇಡವೆಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ರಿಪೋರ್ಟುಗಳಿಗೆ ಮಾತ್ರ ಅವರ ಒಪ್ಪಿಗೆ ಬೇಕೇ ಬೇಕು. ಅದಿಲ್ಲದೆ ಒಂದು ಕಾಗದವೂ ಲ್ಯಾಬಿನಿಂದ ಹೊರಗೆ ಹೋಗುವಂತಿರಲಿಲ್ಲ.

"ತಂಗಿ, ನಾ ಇಲ್ಲೇ ಹುಕ್ಕೇರ್ಯಾಗ ಕುಂತು ಗೋಕಾಕದ ಕಂಪ್ಯೂಟರ್ ನೋಡಬೇಕು. ಬ್ಯಾರೆ ಯಾರ ಕಣ್ಣಿಗೂ ಬೀಳಬಾರದು. ಆಗತೈತಿ?" ಎಂದು ಕೇಳಿದ್ದರು.

"ಆಗತೈತ್ರಿ ಸರ್. ವಿಪಿಎನ್ ಅಂತಾರ. ಊರ ಮಂದಿ ಅಡ್ಡಾಡೋ ರಸ್ತಾದಾಗ ನಮಗಷ್ಟ ಒಂದು ಮುಚ್ಚಿದ ದಾರಿ ಇದ್ದಂಗ. ಪಾಸ್‌ವರ್ಡ್ ಇದ್ದವರಷ್ಟ ಒಳಗ ಬರ್ತಾರ."

ಹೇಳಿದಷ್ಟು ಸುಲಭವಾಗಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಲ್ಯಾಬಿನ ಬ್ರಾಡ್‌ಬ್ಯಾಂಡಿಗೆ ಇಂಟರ್ನೆಟ್ಟಿನಲ್ಲಿ ವಿಳಾಸದ ಹಾಗಿರುವ ನಂಬರು ಹೊಸದಾಗಿ ಬರುತ್ತಿತ್ತು. ಹಳೆಯ ನಂಬರು ಹಿಡಿದು ಹುಕ್ಕೇರಿಯಿಂದ ಎಷ್ಟು ಬಡಿದರೂ ಬಾಗಿಲು ತೆರೆಯುತ್ತಿರಲಿಲ್ಲ. ನಂಬರು ಬದಲಾದರೂ ಬದಲಾಗದ ಒಂದು ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಕಟ್ಟಿ, ಗೋಕಾಕದ ರೌಟರಿನಲ್ಲಿ ದಾರಿ ಬಿಡಿಸಿ, ಮೂಡಲಗಿಯನ್ನೂ ಅದೇ ದಾರಿಗೆ ಸೇರಿಸಿ, ಕಡೆಗೆ ಹುಕ್ಕೇರಿಯ ಮನೆಯಲ್ಲಿ ಕುಳಿತು ಗೋಕಾಕದ ರಿಪೋರ್ಟು ತೆರೆದು ತೋರಿಸಿದಾಗ ಡಾಕ್ಟರು ಮಗುವಿನ ಹಾಗೆ ನಕ್ಕರು. ಪಾಸ್‌ವರ್ಡ್ ಹಾಕುವಾಗ ಅವಳನ್ನೂ ಆಚೆ ಮುಖ ಮಾಡಿ ನಿಲ್ಲಿಸಿದರು.

ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಸುಜಾತಾಗೆ ಮಾತ್ರ ಡಾಕ್ಟರ ಕಾಟ ಇನ್ನೂ ಹೆಚ್ಚಾಯಿತು. ಮೊದಲು ಎದುರಿಗಿದ್ದಾಗ ಬೈಯುತ್ತಿದ್ದವರು ಈಗ ಫೋನಿನಲ್ಲಿ ಹಿಡಿದರು. ಈ ಮನುಷ್ಯಾಗ ವಯಸ್ಸೆಷ್ಟು? ಬಸುರಿ ಹೆಂಗಸಾ? ಇನ್ನೊಮ್ಮೆ ಸ್ಲೈಡ್ ಹಾಕಿ ನೋಡು. ನೀ ನೋಡಿದ್ದು ಖರೇನಾ? ಒಂದೊಂದು ರಿಪೋರ್ಟಿಗೂ ಹತ್ತು ಪ್ರಶ್ನೆ. ಮಳೆಗಾಲ ಕಳೆಯುವವರೆಗೂ ಹೀಗೆಯೇ ನಡೆಯಿತು.

ದಸರೆಯ ಆಚೆ ಈಚೆ ಡಾಕ್ಟರ ಅಳಿಯ ಕೇದಾರಿ ಫೋನು ಮಾಡಿದ. ಹುಕ್ಕೇರಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಮಾತಿನಲ್ಲಿ ಬಹಳ ಮರ್ಯಾದೆ.

"ತ್ರಿಶಲಾ ಮೇಡಂ, ಮಾವಾರು ಪಾಸ್‌ವರ್ಡ್ ಮರತಾರ. ಹೊಸಾದು ಮಾಡಿ ಕೊಡ್ತೀರೇನ್ರಿ?"

"ಸರ್‌ಗೆ ಫೋನ್ ಕೊಡ್ರಿ."

"ಪೂಜಿಗೆ ಕುಂತಾರ್ರಿ. ರಿಪೋರ್ಟ್ ತಡ ಆದ್ರ ನಮ್ಮ ಮ್ಯಾಲೆ ಒದರ್ತಾರ."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಡಾಕ್ಟರು ಒದರುವುದು ಅವಳಿಗೂ ಗೊತ್ತಿತ್ತು. ಹೊಸ ಪಾಸ್‌ವರ್ಡ್ ಮಾಡಿ ಫೋನಿನಲ್ಲೇ ಹೇಳಿಬಿಟ್ಟಳು.

ಅಂದಿನಿಂದ ಸುಜಾತಾಗೆ ಒಂದೂ ಫೋನು ಬರಲಿಲ್ಲ. ಮೊದಮೊದಲು ಆಕೆಗೆ ಜೀವ ಹಗುರಾದಂತಾಯಿತು. ಬೆಳಿಗ್ಗೆ ಬಂದು ನೋಡಿದರೆ ಹಿಂದಿನ ದಿನದ ರಿಪೋರ್ಟುಗಳಿಗೆಲ್ಲ ಒಪ್ಪಿಗೆ ಬಿದ್ದಿರುತ್ತಿತ್ತು. ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಮೂಡಲಗಿಯವರಂತೂ ಡಾಕ್ಟರಿಗೆ ಈಗ ನಮ್ಮ ಮೇಲೆ ಭರವಸೆ ಬಂದಿದೆ ಎಂದು ಖುಷಿಪಟ್ಟರು.

ಒಂದು ಮಧ್ಯಾಹ್ನ ಸುಜಾತಾ ಚಪ್ಪಲಿ ಬಿಡದೆ ಅಂಗಡಿಯೊಳಗೆ ಬಂದಳು. ಕೈಯಲ್ಲಿ ಒಂದು ರಿಪೋರ್ಟು.

"ತ್ರಿಶಲಕ್ಕಾ, ಇದನ್ನ ನೋಡ್ರಿ. ಮೂಡಲಗಿಯವರು ಹಿಮೊಗ್ಲೋಬಿನ್ ಹನ್ನೆರಡು ಅಂತ ಬರಿಯೋದು ಬಿಟ್ಟು ಒಂದು ಪಾಯಿಂಟ್ ಎರಡು ಅಂತ ಹೊಡದಾರ. ಇಷ್ಟ ರಕ್ತ ಇದ್ದಾಂವ ನಡಕೋತ ಲ್ಯಾಬಿಗೆ ಬರತಾನೇನ್ರಿ? ಸರ್ ಇದಕ್ಕೂ ಹೂಂ ಅಂದಾರ."

"ಕಣ್ಣು ತಪ್ಪಿರಬೇಕು."

"ಅವರ ಕಣ್ಣು?" ಎಂದಳು ಸುಜಾತಾ.

ತ್ರಿಶಲಾ ಅವಳ ಜೊತೆ ಲ್ಯಾಬಿಗೆ ಹೋಗಿ ಯಾರು ಯಾವಾಗ ಒಳಗೆ ಬಂದು ಹೋದರೆಂಬ ದಾಖಲೆ ತೆರೆದು ನೋಡಿದಳು. ಮೊದಲೆಲ್ಲ ಹುಕ್ಕೇರಿಯಿಂದ ಒಂದು ರಿಪೋರ್ಟು ತೆರೆದರೆ ಬಹಳ ಹೊತ್ತು ತೆರೆದೇ ಇರುತ್ತಿತ್ತು. ಮುಚ್ಚಿ, ಮತ್ತೆ ತೆರೆದು, ಹಿಂದಿನ ತಿಂಗಳದ್ದನ್ನು ಹುಡುಕಿ ತಾಳೆ ನೋಡಿದ್ದೆಲ್ಲ ಕಾಣುತ್ತಿತ್ತು. ದಸರೆಯಿಂದ ಈಚೆಗೆ ಹಾಗಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಚೀಲಕ್ಕೆ ಗುರುತು ಹಾಕಿದ ಹಾಗೆ ಒಂದಾದ ಮೇಲೊಂದು, ಉಸಿರು ಬಿಡುವಷ್ಟರಲ್ಲಿ ಮುಗಿದಿತ್ತು. ಓದಿದವರು ಯಾರೂ ಇರಲಿಲ್ಲ.

ಇಬ್ಬರೂ ಡಾಕ್ಟರ ಮನೆಗೆ ಫೋನು ಹಚ್ಚಿದರು. ಕೇದಾರಿಯೇ ಎತ್ತಿದ. ಮಾವಾರು ಮಲಗ್ಯಾರ್ರಿ. ಇನ್ನೊಮ್ಮೆ ಮಾಡಿದಾಗ ಸ್ನಾನಕ್ಕೆ ಹೋಗ್ಯಾರ್ರಿ. ಮರುದಿನವೂ ಅದೇ ದನಿ, ಅದೇ ಮರ್ಯಾದೆ, ಬೇರೊಂದು ನೆಪ.

ಅದೇ ವಾರ ಮೇಲವಂಕಿಯ ಭರಮವ್ವನ ರಿಪೋರ್ಟು ಬಂತು. ತುಂಬಿದ ಬಸುರಿ, ಎರಡನೆಯ ಹೆರಿಗೆ. ಮೂಡಲಗಿಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟಿದ್ದಳು. ಗುಂಪು ಬಿ ಎಂದು ಬರೆದು, ಹುಕ್ಕೇರಿಯಿಂದ ಒಪ್ಪಿಗೆ ಬಿದ್ದು, ರಿಪೋರ್ಟು ಆಸ್ಪತ್ರೆಗೂ ಹೋಗಿಯಾಗಿತ್ತು. ಭರಮವ್ವನ ಮೊದಲ ಹೆರಿಗೆಯಲ್ಲಿ ರಕ್ತ ನೋಡಿದವಳು ಸುಜಾತಾಳೇ. ಹೆಸರು ಕಂಡು ಹಳೆಯದನ್ನು ತೆಗೆದಳು. ಅದರಲ್ಲಿ ಓ ಎಂದಿತ್ತು. ಓ ಗುಂಪಿನವರಿಗೆ ಬಿ ರಕ್ತ ಏರಿಸಿದರೆ ಜೀವ ಉಳಿಯುವ ಭರವಸೆಯಿಲ್ಲ. ಆಸ್ಪತ್ರೆಗೆ ಓಡಿಹೋಗಿ, ನರ್ಸಿನ ಕೈಯಿಂದ ಕಾಗದ ಇಸಿದುಕೊಂಡು, ಭರಮವ್ವನ ರಕ್ತ ಹೊಸದಾಗಿ ತೆಗೆದು ನೋಡಿದಳು. ಓ.

"ಇದು ನನ್ನ ಕಣ್ಣಿಗೆ ಬಿತ್ತು, ಅಕ್ಕಾ," ಎಂದಳು ಸಂಜೆ ತ್ರಿಶಲಾಗೆ. "ಬೀಳದಿದ್ದುವು?"

ಮರುದಿನ ಬೆಳಿಗ್ಗೆ ತ್ರಿಶಲಾ ಹುಕ್ಕೇರಿ ಬಸ್ಸು ಹತ್ತಿದಳು. ರೌಟರ್ ನೋಡಬೇಕೆಂಬ ನೆಪ ಇಟ್ಟುಕೊಂಡಿದ್ದಳು. ಘಟಪ್ರಭಾ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಕಬ್ಬು, ಗಾಳಿಯಿಲ್ಲದೆ ನಿಂತಿತ್ತು. ಫೋನಿನಲ್ಲಿ ತಾನು ಹೇಳಿದ ಆ ಪಾಸ್‌ವರ್ಡ್ ಅವಳ ಬಾಯಿಗೆ ಮತ್ತೆ ಮತ್ತೆ ಬರುತ್ತಿತ್ತು.

ಬಾಗಿಲು ತೆರೆದವರು ಡಾಕ್ಟರ ಹೆಂಡತಿ ಚನ್ನವ್ವ. ಯಾಕೆ ಬಂದೆ ಎಂದು ಕೇಳಲಿಲ್ಲ. ಕೈಹಿಡಿದು ನೇರ ಒಳಗಿನ ಖೋಲಿಗೆ ಕರೆದುಕೊಂಡು ಹೋದರು, ಯಾರಾದರೂ ಬರಲಿ ಎಂದೇ ಕಾಯುತ್ತಿದ್ದವರ ಹಾಗೆ.

ಅಪ್ಪಣ್ಣ ಡಾಕ್ಟರು ಮಂಚದ ಮೇಲಿದ್ದರು. ಬಲಗಡೆಯ ಮೈ ಪೂರಾ ಬಿದ್ದುಹೋಗಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಹಣೆಯ ವಿಭೂತಿಯನ್ನು ಯಾರೋ ಬೇರೆಯವರು ಹಚ್ಚಿದ್ದು ಗೊತ್ತಾಗುತ್ತಿತ್ತು, ಸೊಟ್ಟಗಿತ್ತು. ತ್ರಿಶಲಾಳನ್ನು ಕಂಡು ಅವರ ಎಡಗೈ ಎದ್ದಿತು. ಅವಳ ಓಢಣಿಯ ತುದಿಗೆ ಕೈ ಸಿಕ್ಕಿತು, ಬಿಗಿಯಾಗಿ ಹಿಡಿದರು.

"ಬ್ಯಾ," ಎಂದರು. "ಬ್ಯಾ... ಬ್ಯಾ..."

"ದಸರಾಕ್ಕ ಮೊದಲ ಹಿಂಗಾತವ್ವ," ಎಂದರು ಚನ್ನವ್ವ. "ಬ್ಯಾಡ ಅನ್ನೂದೊಂದ ಮಾತು ಉಳದೈತಿ. ಗಂಜಿ ಕೊಟ್ರೂ ಬ್ಯಾ ಅಂತಾರ, ನೀರು ಕೊಟ್ರೂ ಬ್ಯಾ ಅಂತಾರ. ಆದ್ರ ಆ ಕಂಪ್ಯೂಟರ್ ಚಾಲೂ ಆದ ಸಪ್ಪಳ ಕೇಳಿದ್ರ ಮಾತ್ರ ಒದರ್ತಾರ. ಅದಕ್ಕ ಅಳಿಯಪ್ಪ ಅದನ್ನ ಪಡಸಾಲಿಗೆ ಒಯ್ದಾನ."

ಪಡಸಾಲೆಯಲ್ಲಿ ಕೇದಾರಿ ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಯಾರಿಗೋ ಯೂರಿಯಾದ ಲಾರಿ ಎಲ್ಲಿದೆ ಎಂದು ಕೇಳುತ್ತಿದ್ದ. ಕಣ್ಣು ಕಿಟಕಿಯ ಹೊರಗಿತ್ತು. ಬಲಗೈ ಬೆರಳು ಮೌಸನ್ನು ಒತ್ತುತ್ತಲೇ ಇತ್ತು. ಪರದೆಯ ಮೇಲೆ ಒಬ್ಬೊಬ್ಬರ ಹೆಸರು ಬಂದು ಹೋಗುತ್ತಿತ್ತು. ಅವಳನ್ನು ನೋಡಿ ಫೋನು ಇಟ್ಟ, ನಕ್ಕ.

"ಕುಂಡ್ರಿ ಮೇಡಂ. ಚಾ ತಗೋತೀರಿ?"

"ಇದೇನ್ ಮಾಡಾಕತ್ತೀರಿ ನೀವು?"

"ಮಾವಾರು ಮಾಡ್ತಿದ್ದದ್ದ. ಎಲ್ಲಾ ಮಷೀನ ಹೇಳತೈತಲ್ರಿ? ಇವರು ಬರೇ ಹೂಂ ಅಂತಿದ್ರು. ಲ್ಯಾಬ್ ನಿಂತ್ರ ಅಲ್ಲಿಯ ಮಂದಿ ಪಗಾರ ನೀವು ಕೊಡ್ತೀರಿ? ಆರಾಮ ಆಗೂತನಾ ನಡಸೂಣು."

"ಅವರಿಗೆ ಆರಾಮ ಆಗತೈತಿ ಅಂತ ಯಾರ್ ಹೇಳ್ಯಾರ?"

ಕೇದಾರಿ ಕುರ್ಚಿಯನ್ನು ಅವಳ ಕಡೆ ತಿರುಗಿಸಿ, ದನಿ ಏರಿಸದೆ ಹೇಳಿದ: "ಹೊರಗ ಹೋಗಿ ಮಾತಾಡೋ ಮೊದಲ ಒಂದ್ ವಿಚಾರ ಮಾಡ್ರಿ. ಆ ದಾರಿ ಮಾಡಿದಾಕಿ ನೀವು. ಪಾಸ್‌ವರ್ಡ್ ಕೊಟ್ಟಾಕೀನೂ ನೀವ."

ಒಳಗಿನಿಂದ ಬ್ಯಾ, ಬ್ಯಾ ಎಂಬ ಕೂಗು ಕೇಳುತ್ತಲೇ ಇತ್ತು. ಕೇದಾರಿ ಎದ್ದು ಒಳಗಿನ ಖೋಲಿಯ ಬಾಗಿಲು ಎಳೆದು ಬಂದ.

ಗೋಕಾಕಕ್ಕೆ ಬಂದ ತ್ರಿಶಲಾ ಅಂಗಡಿಗೆ ಹೋಗಲಿಲ್ಲ, ಲ್ಯಾಬಿಗೆ ಹೋದಳು. ನೋಡಿದ್ದೆಲ್ಲ ಹೇಳಿದಳು, ಪಾಸ್‌ವರ್ಡ್ ಕೊಟ್ಟದ್ದನ್ನೂ ಬಿಡಲಿಲ್ಲ. ಸುಜಾತಾ ಕೇಳಿ, ಎದ್ದು, ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದವರನ್ನು ಬೇರೆ ಲ್ಯಾಬಿಗೆ ಹೋಗಿರೆಂದು ಕಳಿಸಿ, ಬಾಗಿಲು ಎಳೆದಳು. ತ್ರಿಶಲಾ ಹುಕ್ಕೇರಿಯ ದಾರಿ ಮುಚ್ಚಿದಳು. ಮರುಕ್ಷಣವೇ ಫೋನು ಹೊಡೆದುಕೊಂಡಿತು. ಇಬ್ಬರೂ ಎತ್ತಲಿಲ್ಲ. ಅದು ನಿಲ್ಲುವುದು, ಮತ್ತೆ ಶುರುವಾಗುವುದು. ಆ ಸದ್ದಿನಲ್ಲೇ ಕುಳಿತು ಸುಜಾತಾ ಆರೋಗ್ಯ ಇಲಾಖೆಗೆ ಅರ್ಜಿ ಬರೆದಳು, ಇಬ್ಬರೂ ಸಹಿ ಮಾಡಿದರು.

ವಿಚಾರಣೆ ನಡೆಯಿತು, ಲ್ಯಾಬಿಗೆ ಬೀಗ ಬಿತ್ತು. ಕೇದಾರಿಗೆ ಜಾಮೀನು ಬೇಗ ಸಿಕ್ಕಿತು. ತ್ರಿಶಲಾ ಎರಡು ಸಲ ಹೇಳಿಕೆ ಕೊಟ್ಟು ಬಂದಳು; ಅಧಿಕಾರಿ ಎಚ್ಚರಿಕೆ ಕೊಟ್ಟು ಬಿಟ್ಟರು. ಊರು ಅಷ್ಟು ಸುಲಭವಾಗಿ ಬಿಡಲಿಲ್ಲ. ತಪ್ಪು ರಿಪೋರ್ಟಿನಿಂದ ಯಾರಾದರೂ ಸತ್ತರೇ ಎಂದು ಹುಡುಕುವ ಗೊಡವೆ ಯಾರಿಗೂ ಇರಲಿಲ್ಲ, ಆದರೆ ಡಾಕ್ಟರ ಅನ್ನಕ್ಕೆ ಕಲ್ಲು ಹಾಕಿದವಳು ಇವಳೆಂದು ಕೆಲವರು ಅಂಗಡಿಗೆ ಬರುವುದನ್ನೇ ಬಿಟ್ಟರು. ಯುಗಾದಿಯ ಮೊದಲು ಡಾಕ್ಟರು ತೀರಿಕೊಂಡರು. ತ್ರಿಶಲಾ ಹೋಗಬೇಕೆಂದುಕೊಂಡಳು, ಬಸ್ ಸ್ಟ್ಯಾಂಡಿನವರೆಗೆ ಹೋಗಿ ಹಿಂದಿರುಗಿದಳು.

ಕೇದಾರಿ ಒಪ್ಪಿಗೆ ಒತ್ತಿದ ದಿನಗಳಲ್ಲಿ ರಿಪೋರ್ಟು ಪಡೆದವರನ್ನೆಲ್ಲ ಮತ್ತೆ ಪರೀಕ್ಷೆಗೆ ಕರೆಯಬೇಕೆಂದು ಇಲಾಖೆಯವರು ಹೇಳಿದ್ದರು. ಕರೆಯುವವರು ಯಾರೆಂದು ಹೇಳಿರಲಿಲ್ಲ. ಸುಜಾತಾ, ತ್ರಿಶಲಾ ಇಬ್ಬರೇ ಬಿಡುವಿದ್ದಾಗಲೆಲ್ಲ ಬಸ್ಸಿನಲ್ಲಿ ಊರೂರು ಅಲೆದರು. ಭರಮವ್ವ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದು, ಇವರು ಯಾಕೆ ಅಷ್ಟು ಹೊತ್ತು ತನ್ನನ್ನೇ ನೋಡುತ್ತಿದ್ದಾರೆಂದು ತಿಳಿಯದೆ ನಕ್ಕಳು. ಹೆಚ್ಚಿನವರು ಸಿಕ್ಕರು.

ಅರಭಾವಿಯಲ್ಲಿ ಒಂದು ಮನೆಗೆ ಬೀಗ ಹಾಕಿತ್ತು. ಕಟ್ಟೆಯ ಮೇಲಿನ ತುಳಸಿ ಒಣಗಿತ್ತು. ಬಾಜೂ ಮನೆಯ ಮುದುಕಿ ಹೊರಗೆ ಬಂದಳು.

"ಆ ಹೆಣ್ಮಗಳನ್ನ ಮಿರಜಕ್ಕ ಒಯ್ದಾರವ್ವ. ರಕ್ತದಾಗ ಏನೂ ದೋಷ ಇಲ್ಲ ಅಂತ ಮೊದಲ ನೋಡಿದವರು ಬರದು ಕೊಟ್ಟಿದ್ರಂತ. ಈಗ ರೋಗ ಬಹಳ ಬೆಳದೈತಿ ಅಂತಾರ."

"ಯಾವ ದವಾಖಾನಿ?" ಎಂದು ಕೇಳಿದಳು ತ್ರಿಶಲಾ.

ಮುದುಕಿಗೆ ಗೊತ್ತಿರಲಿಲ್ಲ. ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದು ಬಂದು, ಮಿರಜಕ್ಕೆ ಹೋಗುವ ಗಾಡಿ ಎಷ್ಟೊತ್ತಿಗಿದೆ ಎಂದು ವಿಚಾರಿಸಿದರು.