ವಂದನಾರ್ಪಣೆಯೊಳಗೆ ಸಿಕ್ಕಿಬಿದ್ದ ವಿಳಾಸ

ಹೆಬ್ಬೆರಳು ಒತ್ತಿದೆ, ಸ್ವಾಗತ ಭಾಷಣ ಹೋಯಿತು. ಇನ್ನೊಮ್ಮೆ ಒತ್ತಿದೆ, ದೀಪ ಬೆಳಗಿಸುವವರ ಹೆಸರುಗಳೆಲ್ಲ ಹೋದವು. ಆಮೇಲೆ ಗಣ್ಯರ ಪರಿಚಯ, ಅಧ್ಯಕ್ಷರ ನುಡಿ, ವಂದನಾರ್ಪಣೆ ಒಂದರ ಹಿಂದೊಂದು ಹೋದವು. ಉಳಿದದ್ದು ಇಷ್ಟೇ: ‘ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಗ್ರಾಂಟ್ ರೋಡಿನಲ್ಲಿ ಅಧ್ಯಕ್ಷರ ಹೋಟೆಲಿನ ಮಾಳಿಗೆಯಲ್ಲಿ ಕಣ್ಣಿನ ಪರೀಕ್ಷೆ. ದುಡ್ಡಿಲ್ಲ. ಬನ್ನಿ.’ ಅದನ್ನು ಕನ್ನಡ ಸಂಘದ ಬ್ಲಾಗಿಗೆ ಹಾಕಿ ಫೋನನ್ನು ಜೇಬಿಗಿಳಿಸಿದೆ. ಮುಂಬಯಿಯ ವಡಾಲ ಸ್ಟೇಷನ್ನಿನ ಹೊರಗೆ ನನ್ನ ಪಕ್ಕದಲ್ಲೇ ಕೂತು ಚೆಂಡುಹೂ ಪೋಣಿಸುತ್ತಿದ್ದ ಶಾಂತವ್ವ ಅತ್ತೆ, ಸೂಜಿಯನ್ನು ಮೂಗಿನ ತನಕ ತಂದು ನೋಡುತ್ತ, "ಹಾಕಿದೇನಲೇ ಬಸ್ಯಾ?" ಎಂದಳು. ಹಾಕಿದೆ ಎನ್ನುವಷ್ಟರಲ್ಲಿ ಜೇಬು ಅದುರಿತು. ಸಂಘದ ಅಧ್ಯಕ್ಷರಾದ ಶೆಟ್ಟರು.

"ಎಂತ ಮಾರಾಯ ಬಸವರಾಜ, ಇದು ಎಂತ ನೀನು ಹಾಕಿದ್ದು? ಯಾರೋ ಸತ್ತ ಸುದ್ದಿ ಹಾಕಿದ ಹಾಗೆ ಉಂಟಲ್ಲ! ಸ್ವಾಗತ ಎಲ್ಲಿ?"

"ಅಳಿಸೀನ್ರೀ."

"ಅಳಿಸ್ಲಿಕ್ಕೆ ಅದೆಂತ ಟೈಲ್ಸಿನ ಮೇಲೆ ಬಿದ್ದ ಸಿಮೆಂಟಾ? ನಮ್ಮ ಕಾರ್ಯದರ್ಶಿ ಭಟ್ರು ಕೂತು ಬರೆದದ್ದು ಅದು! ಈಗಲೇ ಮೊದಲಿನ ಹಾಗೆ ಮಾಡು. ಮತ್ತೆ ಮಾತಾಡುವ."

ಟೈಲ್ಸಿನ ಮಾತು ಯಾಕೆ ಬಂತೆಂದರೆ ನನ್ನ ಕೆಲಸವೇ ಅದು. ಯಾದಗಿರಿ ಕಡೆಯವನು, ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಈಗ ಪವಾಯಿಯ ಎತ್ತರದ ಬಿಲ್ಡಿಂಗುಗಳಲ್ಲಿ ಬಚ್ಚಲ ನೆಲ ಮಾಡುತ್ತೇನೆ. ಇಂಥವನ ಕೈಗೆ ಸಂಘದ ಬ್ಲಾಗು ಹೇಗೆ ಬಂತು ಎಂದು ನೀವು ಕೇಳಬಹುದು. ಸಂಘದ ಹಿರಿಯರಿಗೆ ಕನ್ನಡ ಬರುತ್ತದೆ, ಫೋನಿನಲ್ಲಿ ಬರೆಯಲು ಬರುವುದಿಲ್ಲ. ಅವರ ಮಕ್ಕಳಿಗೆ ಫೋನು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ‘ಪಪ್ಪಾ, ಯೇ ಕ್ಯಾ ಲಿಖಾ ಹೈ’ ಎಂದು ಕೇಳಿ ಹೊರಟುಹೋಗುತ್ತಾರೆ. ಎರಡೂ ಅಷ್ಟಿಷ್ಟು ಬರುವವನು, ಮೇಲಾಗಿ ಕರೆದಾಗ ಬರುವವನು, ನಾನೊಬ್ಬನೇ ಸಿಕ್ಕಿದ್ದು. ನಾನೂ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಸಿಟ್ಟಿನಿಂದ ಒಪ್ಪಿಕೊಂಡೆ.

ಅತ್ತೆಯ ಕಣ್ಣಿಗೆ ಪೊರೆ ಬಂದಿದೆ. ನನ್ನ ಅಪ್ಪನ ತಂಗಿ ಅವಳು, ನಾನು ಇರುವುದು ಅವಳ ಖೋಲಿಯಲ್ಲೇ. ಹಾರ ಕಟ್ಟುವವಳಿಗೆ ಕಣ್ಣು ಹೋದರೆ ಏನು ಉಳಿಯುತ್ತದೆ? ಮಳೆಗಾಲಕ್ಕೆ ಮುಂಚೆ ಸಂಘದವರು ಮೊದಲ ಸಲ ಕಣ್ಣಿನ ಶಿಬಿರ ಮಾಡಿದರು. ನಾನು ಕೆಲಸಕ್ಕೆ ಹೋದಾಗ ಚಾಳಿನಲ್ಲಿ ಪಕ್ಕದ ಮನೆಯ ಸೀತಕ್ಕ ಬ್ಲಾಗಿನಲ್ಲಿ ಬಂದದ್ದನ್ನು ಅತ್ತೆಗೆ ಓದಿ ಹೇಳತೊಡಗಿದಳು. ಪೂಜ್ಯರಿಗೆ ಸ್ವಾಗತ ಆಯಿತು, ಮಾನ್ಯರಿಗೆ ಸ್ವಾಗತ ಆಯಿತು, ದೀಪ ಬೆಳಗಿಸುವವರ ಹೆಸರು ಬರುವ ಹೊತ್ತಿಗೆ ಕುಕ್ಕರು ಸೀಟಿ ಹೊಡೆಯಿತು, ಸೀತಕ್ಕ ಎದ್ದುಹೋದಳು. ಅತ್ತೆ ಆ ಭಾನುವಾರ ವಡಾಲದಲ್ಲೇ ಇರುವ ಸಂಘದ ಸಭಾಂಗಣಕ್ಕೆ ಹೋದಳು. ಬೀಗ. ಅಲ್ಲಿ ಛಾವಣಿ ರಿಪೇರಿ ನಡೆದಿತ್ತಂತೆ. ಶಿಬಿರ ಗ್ರಾಂಟ್ ರೋಡಿನಲ್ಲಿತ್ತಂತೆ. ಹಾಗೆಂದು ಬರೆದಿದ್ದರೇ? ಬರೆದಿದ್ದರು. ಎಲ್ಲಿ ಗೊತ್ತೇ? ಕಟ್ಟಕಡೆಗೆ, ವಂದನಾರ್ಪಣೆಯಲ್ಲಿ: ‘ತಮ್ಮ ಗ್ರಾಂಟ್ ರೋಡಿನ ಹೋಟೆಲಿನ ಮಾಳಿಗೆಯನ್ನು ಈ ಶಿಬಿರಕ್ಕಾಗಿ ಉದಾರವಾಗಿ ಬಿಟ್ಟುಕೊಟ್ಟ ಅಧ್ಯಕ್ಷರಿಗೆ ಹೃತ್ಪೂರ್ವಕ ಕೃತಜ್ಞತೆಗಳು.’ ವಿಳಾಸವನ್ನು ವಿಳಾಸವೆಂದು ಹೇಳದೆ ಉಪಕಾರವೆಂದು ಹೇಳುವ ಜನ ಜಗತ್ತಿನಲ್ಲಿ ಬೇರೆಲ್ಲಾದರೂ ಇದ್ದಾರೆಯೇ, ನನಗೆ ಗೊತ್ತಿಲ್ಲ.

ಆ ದಿನ ಬೆರಳೆಣಿಕೆಯ ಜನ ಬಂದರು. ಅವರಲ್ಲಿ ಅರ್ಧ ಜನ ಹೋಟೆಲಿಗೆ ಇಡ್ಲಿ ತಿನ್ನಲು ಬಂದವರು, ಮೇಲೆ ಏನೋ ಇದೆಯೆಂದು ಹತ್ತಿ ನೋಡಿದವರು. ಡಾಕ್ಟರು ಹೇಳಿ ಹೋದರು: ಇನ್ನೊಂದು ಸಲ ಬರುತ್ತೇವೆ, ಆಗಲೂ ಜನ ಇಲ್ಲದಿದ್ದರೆ ಆಪರೇಷನ್ನಿಗೆ ಕರೆದೊಯ್ಯುವ ವ್ಯಾನು ಕಳಿಸುವುದಿಲ್ಲ, ಶಿಬಿರವೂ ಇಲ್ಲ. ಅಂದರೆ ಅತ್ತೆಯೊಬ್ಬಳಿಗೆ ಸುದ್ದಿ ಮುಟ್ಟಿದರೆ ಸಾಲದು, ಊರಿಗೆಲ್ಲ ಮುಟ್ಟಬೇಕು. ಅದಕ್ಕೇ ನಾನು ಬ್ಲಾಗು ಒಪ್ಪಿಕೊಂಡದ್ದು, ಹೆಬ್ಬೆರಳು ಒತ್ತಿದ್ದು.

ಈ ಬ್ಲಾಗಿನ ಶಿಷ್ಟಾಚಾರ ನಿಮಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ನಮ್ಮವರಿಗೆ ಅದು ಬ್ಲಾಗಲ್ಲ, ವೇದಿಕೆ. ವೇದಿಕೆಯೆಂದ ಮೇಲೆ ಮೈಕು ಸರಿಮಾಡುವುದರಿಂದ ಹಿಡಿದು ಪೆಂಡಾಲಿನವನಿಗೆ ಕೃತಜ್ಞತೆ ಹೇಳುವ ತನಕ ಎಲ್ಲವೂ ಬೇಕು. ಪ್ರತಿಕ್ರಿಯೆ ಬರೆಯುವವರಲ್ಲೂ ಪಂಕ್ತಿಯುಂಟು: ಅಧ್ಯಕ್ಷರು ಬರೆಯುವ ಮುಂಚೆ ಯಾರಾದರೂ ಬರೆದರೆ ಅದು ಅಧಿಕಪ್ರಸಂಗ, ಎಲ್ಲರಿಗೂ ಉತ್ತರಿಸಿ ಒಬ್ಬರನ್ನು ಬಿಟ್ಟರೆ ಅವರು ಮುಂದಿನ ಗಣೇಶನ ಹಬ್ಬಕ್ಕೆ ಬರುವುದಿಲ್ಲ, ಯಾರಾದರೂ ‘ಇಲ್ಲಿ ಊರಿನ ಹೆಸರು ತಪ್ಪಾಗಿದೆ’ ಎಂದು ಬರೆದರೆ ಅವನು ಸಂಘದ್ರೋಹಿ. ಬರೆಯಬಹುದಾದ ಮಾತು ಒಂದೇ, ಅದ್ಭುತ. ಅದರ ಮುಂದೆ ಕೈಮುಗಿದ ಚಿತ್ರಗಳನ್ನು ನಿಮ್ಮ ಯೋಗ್ಯತೆಗೆ ತಕ್ಕಂತೆ ಸಾಲಾಗಿ ಇಡಬಹುದು. ಟೈಲ್ಸ್ ಕೂರಿಸಿದ ಮೇಲೆ ಮಾಲೀಕ ಬಂದು ಕಾಲಿನಿಂದ ಒತ್ತಿ ನೋಡುತ್ತಾನೆ, ಎಲ್ಲಿ ಟೊಳ್ಳು ಸದ್ದು ಬರುತ್ತದೋ ಅಲ್ಲಿ ಕೀಳಿಸುತ್ತಾನೆ. ಇಲ್ಲಿ ಯಾರೂ ಕಾಲಿಡುವುದಿಲ್ಲ. ದೂರದಿಂದಲೇ ಕೈಮುಗಿದು ಹೋಗುತ್ತಾರೆ.

ಶೆಟ್ಟರು ಹೇಳಿದಂತೆ ಸ್ವಾಗತ ಭಾಷಣವನ್ನು ವಾಪಸು ಹಾಕಿದೆ. ಹಾಕುವಾಗ ನಡುವೆ ನನ್ನದೊಂದು ಸಾಲು ಸೇರಿಸಿದೆ, ದೀಪ ಬೆಳಗಿಸುವವರಿಗೂ ಗಣ್ಯರ ಪರಿಚಯಕ್ಕೂ ಮಧ್ಯೆ: ‘ಈ ಸಾಲನ್ನು ಓದಿದವರು ಅಧ್ಯಕ್ಷರ ಹೋಟೆಲಿಗೆ ಬಂದು ಹೇಳಿದರೆ ಮಸಾಲೆ ದೋಸೆ ಉಚಿತ.’ ಅದ್ಭುತಗಳು ಬಂದವು, ಕೈಮುಗಿದ ಚಿತ್ರಗಳು ಬಂದವು. ಸ್ವಾಗತ ಬರೆದ ಭಟ್ಟರೇ ‘ಪ್ರತಿಯೊಂದು ಸಾಲೂ ಮನ ಮುಟ್ಟಿತು’ ಎಂದು ತಮ್ಮ ಬರಹಕ್ಕೆ ತಾವೇ ಬರೆದುಕೊಂಡರು. ದೋಸೆ ಕೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. ವಾರ ಕಳೆದ ಮೇಲೆ ಗ್ರಾಂಟ್ ರೋಡಿಗೆ ಹೋಗಿ, ಗಲ್ಲಾದಲ್ಲಿ ಕೂತ ಶೆಟ್ಟರಿಗೂ ಅವರೆದುರು ಕಾಫಿ ಕುಡಿಯುತ್ತಿದ್ದ ಭಟ್ಟರಿಗೂ ಆ ಸಾಲು ತೋರಿಸಿದೆ. ಶೆಟ್ಟರು ಮೊದಲು ಎದೆ ಹಿಡಿದುಕೊಂಡರು.

"ಅಯ್ಯೋ ಮಾರಾಯ! ಇಡೀ ವಡಾಲ ದೋಸೆಗೆ ಬಂದಿದ್ರೆ?"

"ಬಂದಾರೇನ್ರೀ? ಯಾರೂ ಓದಂಗಿಲ್ರೀ ಇದನ್ನ. ಅದನ್ನ ಹೇಳಾಕ ಬಂದೀನಿ."

ಶೆಟ್ಟರು ಸ್ವಲ್ಪ ಯೋಚಿಸಿದರು. ಮುಖ ಅರಳಿತು. "ನೋಡಿದ್ರಾ ಭಟ್ರೇ? ಓದದೆಯೇ ಜನ ಇಷ್ಟು ಮೆಚ್ಚಿದ್ದಾರೆ. ಓದಿದ್ರೆ ಎಷ್ಟು ಮೆಚ್ಚುತ್ತಿದ್ರು!"

ಭಟ್ಟರು ಲೋಟ ಕೆಳಗಿಟ್ಟರು. "ತಮ್ಮಾ, ಬಂದವರಿಗೆ ಬನ್ನಿ ಅನ್ನದೆ ವಿಷಯಕ್ಕೆ ಇಳಿಯುವುದು ಸಾಲ ವಸೂಲಿಗೆ ಬಂದವರ ರೀತಿ. ನಮ್ಮದು ಸಂಘ. ನಮಗೊಂದು ಪದ್ಧತಿ ಉಂಟು."

ಎದುರಿಗೆ ಸಾಕ್ಷಿ ಇಟ್ಟರೆ ಜನ ಬದಲಾಗುತ್ತಾರೆ ಎಂದು ಯಾರು ಹೇಳಿದರೋ, ಅವರು ನಮ್ಮ ಸಂಘಕ್ಕೆ ಒಮ್ಮೆ ಬರಬೇಕು. ಮೆಟ್ಟಿಲಿಳಿದು ಬರುವಾಗ ಇನ್ನು ಈ ಬ್ಲಾಗನ್ನು ಬಿಟ್ಟುಬಿಡುತ್ತೇನೆ ಎಂದುಕೊಂಡೆ. ಅತ್ತೆಗೂ ಹಾಗೆಯೇ ಹೇಳಿದೆ. ಈ ಹಾರ, ಈ ತುರಾಯಿ, ಈ ಮಾನ್ಯರು, ಎಲ್ಲ ಒಟ್ಟು ಮಾಡಿ ಸಮುದ್ರಕ್ಕೆ ಹಾಕಬೇಕು ಎಂದೆ. ಅವಳು ನನ್ನ ಕಡೆ ತಿರುಗಿದಳು. ಅವಳಿಗೆ ನಾನು ಕಾಣುತ್ತಿದ್ದದ್ದು ಮಂಜಿನೊಳಗಿನ ಆಕಾರದಂತೆ, ಆದರೂ ಗುರಿ ತಪ್ಪಲಿಲ್ಲ.

"ಹಾರ ಸಮುದ್ರಕ್ಕ ಹಾಕ್ತೀ? ಮತ್ತ ನಾ ಏನು ತಿನ್ನಲಿ, ನಿನ್ನ ಟೈಲ್ಸೇನು?"

"ಅದಕ್ಕಲ್ಲ ಅತ್ತಿ..."

"ಹಾರ ಕೊಳ್ಳಾಗ ಹಾಕ್ತಾರೋ ಬಾಡ್ಯಾ. ಮಾರಿ ಮುಚ್ಚಿದ್ರ ಹಾರದ್ದೇನು ತಪ್ಪು? ಹಾಕಿದವಂದು ತಪ್ಪು. ಮತ್ತ ನೀನೂ ಭಾಳ ಶಾಣ್ಯಾ ಆಗಬ್ಯಾಡ. ಬಾಯಿ ತಗದ್ರ ಟೈಲ್ಸ್ ಒಗದಂಗ ಮಾತಾಡ್ತೀ. ಕೇಳಿದವ್ರು ತಲಿ ಹಿಡ್ಕೊಂಡು ಕೂಡಬೇಕು."

ಕೇಳಿಸಿಕೊಂಡೆ. ಹೇಳುವುದನ್ನು ಹೇಳಿದರೆ ಆಯಿತು, ಕೇಳುವವರು ಹಾಳಾಗಿ ಹೋಗಲಿ ಎನ್ನುವುದೂ ಒಂದು ಥರದ ಶೃಂಗಾರವೇ ಇರಬೇಕು. ಒರಟುತನದ ಜರಿಪೇಟ ಸುತ್ತಿಕೊಂಡು ತಿರುಗುವುದು. ಆದರೆ ಒಳ್ಳೆಯ ಮಾತಿನಲ್ಲಿ ಶೆಟ್ಟರಿಗೆ ಹೇಗೆ ಹೇಳುವುದೆಂದು ನನಗೆ ಹೊಳೆಯಲಿಲ್ಲ. ಅದನ್ನು ಕೊನೆಗೆ ಹೇಳಿಕೊಟ್ಟವರು ಭಟ್ಟರೇ, ಅವರಿಗೆ ಗೊತ್ತಿಲ್ಲದ ಹಾಗೆ.

ಶಿಬಿರಕ್ಕೆ ಮುಂಚೆ ಸಂಘದಲ್ಲಿ ಒಂದು ಸನ್ಮಾನ ಇತ್ತು. ಹಾರ ಅತ್ತೆಯದು, ಫೋಟೋ ತೆಗೆಯುವ ಕೆಲಸ ನನ್ನದು. ಮುಖ್ಯ ಅತಿಥಿಗಳು ಬ್ಯಾಂಕಿನಿಂದ ನಿವೃತ್ತರಾದವರು, ಕೊರಳಿಗೆ ಹಾರ ಬಿದ್ದಾಗಿನಿಂದ ಅದನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಳೆದುಕೊಳ್ಳುತ್ತ ಗಡಿಯಾರ ನೋಡುತ್ತಿದ್ದರು. ಪ್ರಾರ್ಥನೆ ಮುಗಿದಿತ್ತಷ್ಟೇ. ಭಟ್ಟರು ಮೈಕಿನ ಮುಂದೆ ಬಂದರು, ಕೈಯಲ್ಲಿ ಸ್ವಾಗತ ಭಾಷಣದ ಕಾಗದವಿತ್ತು, ಅದನ್ನು ಮಡಿಚಿ ಜೇಬಿಗಿಟ್ಟರು. "ಮುಖ್ಯ ಅತಿಥಿಗಳಿಗೆ ಡೊಂಬಿವಿಲಿಯಲ್ಲಿ ಇನ್ನೊಂದು ಕಾರ್ಯಕ್ರಮ ಇರುವುದರಿಂದ, ಲೋಕಲ್ ಹಿಡಿಯಬೇಕಾಗಿರುವುದರಿಂದ, ಅವರು ಮೊದಲು ಮಾತನಾಡಿ ನಿರ್ಗಮಿಸಲಿದ್ದಾರೆ. ತದನಂತರ ಸ್ವಾಗತ."

ಈ ಮಾತನ್ನು ನಾನು ನೂರು ಸಲ ಕೇಳಿದ್ದೇನೆ, ಮುಂಬಯಿಯ ಸಭೆಗಳಿಗೆ ಹೋಗುವ ನೀವೂ ಕೇಳಿರುತ್ತೀರಿ. ಆವತ್ತು ಮಾತ್ರ ಕೈಯಲ್ಲಿದ್ದ ಫೋನು ಬೀಳುವಂತಾಯಿತು. ನಮ್ಮ ಪದ್ಧತಿ ಮುರಿಯುವುದಕ್ಕೂ ನಮ್ಮಲ್ಲೇ ಒಂದು ಪದ್ಧತಿ ಇದೆಯಲ್ಲ! ಸಭೆ ಮುಗಿದು ಉಪ್ಪಿಟ್ಟು ಹಂಚುವಾಗ ಇಬ್ಬರನ್ನೂ ಮೂಲೆಗೆ ಕರೆದೆ. ಅತ್ತೆಯ ಬೈಗುಳ ನೆನಪಿತ್ತು, ಕೈಕಟ್ಟಿ ನಿಂತೆ.

"ಶೆಟ್ರ, ಬ್ಲಾಗಿನ್ಯಾಗ ಶಿಬಿರದ ಸುದ್ದೀನೂ ಮುಖ್ಯ ಅತಿಥಿ ಅಂತ ತಿಳೀರಿ. ಅದಕ್ಕೂ ಅರ್ಜೆಂಟ್ ಐತ್ರಿ, ಮುಂದ ಊರೂರು ಹೋಗಬೇಕು. ಅದು ಮೊದ್ಲು ಮಾತಾಡಿ ಹೋಗ್ಲಿ. ಆಮ್ಯಾಲೆ ಸ್ವಾಗತ ಎಷ್ಟು ಬೇಕಾದ್ರೂ ಇರ್ಲಿ."

ಶೆಟ್ಟರು ಉಪ್ಪಿಟ್ಟಿನ ಚಮಚವನ್ನು ಗಾಳಿಯಲ್ಲೇ ನಿಲ್ಲಿಸಿದರು. "ಹಾಗೆ ಹೇಳು ಮತ್ತೆ! ಅದಕ್ಕೆ ಪದ್ಧತಿ ಉಂಟಲ್ಲ. ಭಟ್ರೇ?"

"ಉಂಟು, ಉಂಟು," ಎಂದರು ಭಟ್ಟರು. "ಇದನ್ನು ಇವನು ಮೊದಲೇ ಸರಿಯಾಗಿ ಹೇಳಿದ್ರೆ ಆಗ್ತಿತ್ತು."

ಅಷ್ಟೇ. ಹೊಸದನ್ನು ಹೊಸದೆಂದು ಹೇಳಿದರೆ ನಮ್ಮ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ಹಳೆಯದೆಂದು ಹೇಳಿದರೆ ಅದಕ್ಕೆ ಉಪ್ಪಿಟ್ಟು ಕೊಡುತ್ತಾರೆ. ಭಟ್ಟರು ತಾವೇ ಕೂತು ಬರೆದರು: ‘ಶಿಬಿರದ ಸುದ್ದಿಗೆ ತ್ವರೆಯಿರುವುದರಿಂದ ಅದು ಮೊದಲು ಮಾತನಾಡಿ ನಿರ್ಗಮಿಸಲಿದೆ.’ ಅದರ ಕೆಳಗೆ ದಿನ, ಹೊತ್ತು, ಜಾಗ. ಅದರ ಕೆಳಗೆ ಮೊದಲಿಗಿಂತ ಉದ್ದವಾದ ಸ್ವಾಗತ. ಇರಲಿ ಬಿಡಿ, ಅತ್ತೆ ಹೇಳಿದ ಹಾಗೆ ಹಾರ ಕೊರಳಲ್ಲೇ ಇತ್ತು, ಮುಖ ಕಾಣುತ್ತಿತ್ತು.

ಆ ಭಾನುವಾರ ಹೋಟೆಲಿನ ಮಾಳಿಗೆಯಿಂದ ಮೆಟ್ಟಿಲಿಳಿದು ರಸ್ತೆಯವರೆಗೆ ಸಾಲು. ಸೀತಕ್ಕ ತನ್ನ ಅವ್ವನನ್ನು ಕರೆತಂದಿದ್ದಳು. ಈ ಸಲ ಓದಿ ಮುಗಿಸಿದ ಮೇಲೆಯೇ ಕುಕ್ಕರು ಕೂಗಿತಂತೆ. ಸಾಲಿನ ಬಾಯಿಯಲ್ಲಿ ನಿಂತು ಶೆಟ್ಟರು ಬಂದವರಿಗೆಲ್ಲ ಸ್ವಾಗತ ಹೇಳುತ್ತಿದ್ದರು, ಅಲ್ಲಿ ಅದು ಚೆಂದವೇ ಇತ್ತು. ವ್ಯಾನು ಬಂತು. ಅತ್ತೆಯ ಪೊರೆ ತೆಗೆದರು. ಕಪ್ಪು ಕನ್ನಡಕ ಬಿಚ್ಚಬಹುದೆಂದು ಡಾಕ್ಟರು ಹೇಳಿದ ದಿನ, ಸ್ಟೇಷನ್ನಿನ ಹೊರಗೆ ತನ್ನ ಜಾಗದಲ್ಲಿ ಕೂತು ಅವಳು ಮೊದಲು ಕೇಳಿದ್ದು ನನ್ನ ಫೋನನ್ನು.

"ಸಂಘದ್ದು ತೋರಿಸಲೇ. ನನ್ನ ಹಾರ ಫೋಟೋದಾಗ ಹೆಂಗ ಬರ್ತಾವು ನೋಡೂಣು."

ಸನ್ಮಾನದ ಫೋಟೋ ತೆಗೆದು ಕೊಟ್ಟೆ. ಕಣ್ಣಿನಿಂದ ಅಷ್ಟು ದೂರ ಹಿಡಿದು ಅವಳು ಏನನ್ನಾದರೂ ನೋಡುವುದನ್ನು ನಾನು ಕಂಡು ಬಹಳ ಕಾಲವಾಗಿತ್ತು. ನೋಡುತ್ತ ನೋಡುತ್ತ ಅವಳ ಮುಖ ಗಂಟಾಯಿತು.

"ಇದೇನಲೇ ಇದು! ಎಡಕ್ಕ ಗೇಣು ಉದ್ದ ಐತಿ. ಬಾಡಿದ ಹೂ ನಡಕ ಹೊಕ್ಕಾವು. ದಾರ ಹೊರಗ ಜೋತಾಡಾಕತ್ತೈತಿ. ಇಂಥಾದ್ದನ್ನ ಮಂದಿ ಕೊಳ್ಳಾಗ ಹಾಕಿದ್ನೇನು ನಾ? ಯಾರೂ ಏನೂ ಅನ್ನಲಿಲ್ಲೇನು?"

"ಕೆಳಗ ಬರದಾರ."

"ಓದು."

ಓದಿದೆ. ‘ಹಾರವಂತೂ ಅತಿ ಸುಂದರ’, ಭಟ್ಟರು. ‘ಕಣ್ಮನ ಸೆಳೆಯುವ ಹಾರ’, ಶೆಟ್ಟರು. ಅದ್ಭುತ, ಅದ್ಭುತ, ಕೈಮುಗಿದ ಚಿತ್ರ. ಕೊನೆಯದಕ್ಕೆ ಬಂದು ನಿಲ್ಲಿಸಿದೆ.

"ಕಡೀದು ಯಾರದು?"

ಕಡೆಯದು ನನ್ನದು. ‘ಸೂಪರ್ ಅತ್ತಿ.’

ಅಧ್ಯಕ್ಷರ ಮುಖಕ್ಕೆ ಟೈಲ್ಸ್ ಎಸೆದಂತೆ ಮಾತಾಡುವವನು, ಕಣ್ಣು ಕಾಣದವಳಿಗೆ ಹಾರ ಡೊಂಕಾಗಿದೆ ಎಂಬ ಒಂದು ಮಾತು ಹೇಳಿರಲಿಲ್ಲ. ಅವಳು ಬುಟ್ಟಿಯಲ್ಲಿದ್ದ ಹಾರವೊಂದನ್ನು ತೆಗೆದು ಎರಡು ಕೈಯಲ್ಲಿ ಎತ್ತಿ ಹಿಡಿದಳು, ನೋಡಿದಳು, ಗಂಟು ಬಿಚ್ಚಿ ಹೂಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡು ಮತ್ತೆ ಪೋಣಿಸತೊಡಗಿದಳು.

ಹೆಬ್ಬೆರಳು ಒತ್ತಿದೆ, ನನ್ನ ಸೂಪರ್ ಹೋಯಿತು. ಅದರ ಜಾಗದಲ್ಲಿ ‘ಎಡಕ್ಕೆ ಉದ್ದವಾಗಿದೆ, ಕಟ್ಟಿದವರಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ, ನೋಡಿದ ನಮಗೆ ಕಾಣುತ್ತಿತ್ತು’ ಎಂದು ಬರೆದೆ. ಫೋನನ್ನು ಜೇಬಿಗಿಳಿಸುವಷ್ಟರಲ್ಲಿ ಅದು ಅದುರಿತು. ಶೆಟ್ಟರು. ಎತ್ತಲಿಲ್ಲ. ನನಗೆ ಹೇಳಲು ಇನ್ನೇನೂ ಇಲ್ಲ.