ರೊಟ್ಟಿಯ ಸುತ್ತಳತೆ

ಮಗಳು ಆರನೇ ಕ್ಲಾಸು ಮುಗಿಸುತ್ತಿದ್ದ ವರ್ಷ ಶಾಲೆಯಿಂದ ಒಂದು ಫಾರ್ಮು ಬಂತು. ಅದರಲ್ಲಿ ಎರಡೇ ಎರಡು ಚೌಕ. ಮಗುವನ್ನು ಏಳನೇ ಕ್ಲಾಸಿನಲ್ಲಿ ಫೌಂಡೇಶನ್ ಸೆಕ್ಷನ್ನಿಗೆ ಹಾಕುತ್ತೀರೋ, ಜನರಲ್ ಸೆಕ್ಷನ್ನಿಗೋ, ಒಂದು ಚೌಕದಲ್ಲಿ ಗುರುತು ಮಾಡಿ ಶನಿವಾರದ ಪಾಲಕರ ಸಭೆಗೆ ತರಬೇಕು. ಫೌಂಡೇಶನ್ ಅಂದರೆ ಮುಂದಿನ ದೊಡ್ಡ ದೊಡ್ಡ ಪ್ರವೇಶ ಪರೀಕ್ಷೆಗಳಿಗೆ ಈಗಿನಿಂದಲೇ ಬುನಾದಿ ತೋಡುವುದು. ಬೆಳಿಗ್ಗೆ ಆರೂವರೆಗೆ ಬಸ್ಸು, ದಿನಕ್ಕೊಂದು ಟೆಸ್ಟು, ಆಟದ ಪೀರಿಯಡ್ ಇಲ್ಲ, ಪ್ರಯೋಗದ ಪೀರಿಯಡ್ಡೂ ಇಲ್ಲ. ಜನರಲ್ ಅಂದರೆ ಏನು ಎಂದು ಫಾರ್ಮಿನಲ್ಲಿ ಬರೆದಿರಲಿಲ್ಲ. ಉಳಿದವರು ಅಂತ ನಾವೇ ತಿಳಿದುಕೊಳ್ಳಬೇಕು.

ನಾನು ಹುಟ್ಟಾ ಚಿಂತೆಗಾರ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಾಲಾನಗರದಿಂದ ಸ್ಕೂಟರ್ ತಿರುಗಿಸಿಕೊಂಡು ಮನೆಗೆ ಬಂದವನು. ಅಂಥವನ ಕೈಗೆ ಎರಡು ಚೌಕ ಕೊಟ್ಟು, ಮೇಲೆ ಆರು ದಿನ ಸಮಯವನ್ನೂ ಕೊಡಬಾರದಿತ್ತು.

ಆಗ ಹೈಟೆಕ್ ಸಿಟಿಯ ಕಡೆ ದಿನ ಬೆಳಗಾದರೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ತರುಣರು ಹಾಲು ತರಲು ಇಳಿಯುವಾಗಲೂ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡಿರುತ್ತಿದ್ದರು. ರಸ್ತೆಯ ಎರಡೂ ಬದಿಯ ಹೋರ್ಡಿಂಗುಗಳಲ್ಲಿ ರ‍್ಯಾಂಕು ಬಂದ ಮಕ್ಕಳ ಪಾಸ್‌ಪೋರ್ಟ್ ಫೋಟೊ, ಹಾಲ್‌ಟಿಕೆಟ್ ನಂಬರಿನ ಸಮೇತ. ಒಂದು ಮಗುವೂ ನಗುತ್ತಿರಲಿಲ್ಲ. ಫೌಂಡೇಶನ್ನಿಗೆ ಹಾಕಿದರೆ ನನ್ನ ಮಗಳೂ ನಗುವುದನ್ನು ನಿಲ್ಲಿಸುತ್ತಾಳೆ ಅಂತ ಒಂದು ಚಿಂತೆ. ಹಾಕದಿದ್ದರೆ ಮುಂದೆ ಕೆಲಸವಿಲ್ಲದೆ ನಗುತ್ತ ಕೂರುತ್ತಾಳೆ ಅಂತ ಇನ್ನೊಂದು.

ಹೊರಗಿನವರ ಮುಂದೆ ಮಾತ್ರ ನನ್ನ ನಿಲುವು ಭಾರೀ ಗಟ್ಟಿ. ಗಣಿತವನ್ನು, ವಿಜ್ಞಾನವನ್ನು ಮಕ್ಕಳು ಮುಟ್ಟಿ, ಅಳೆದು, ತಿಳಿದು ಕಲಿಯಬೇಕು, ಬಾಯಿಪಾಠ ಶುದ್ಧ ಮೋಸ ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ನಮ್ಮ ಲಿಫ್ಟು ನಿಧಾನದ್ದು, ಪಾಪ, ಅವರಿಗೆ ಬೇರೆ ದಾರಿ ಇರಲಿಲ್ಲ. ಈ ಧೈರ್ಯ ನನಗೆ ನೌಕರಿಯಿಂದ ಬಂದದ್ದು. ರಕ್ಷಣಾ ಇಲಾಖೆಗೆ ಬಿಡಿಭಾಗ ಮಾಡುವ ಸರಕಾರಿ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದವನು. ಮಾಡಿದ ವಸ್ತು ಅಳತೆಗೆ ಸರಿಯಿದೆಯೋ ನೋಡುವುದು, ಇಲ್ಲದಿದ್ದರೆ ಕೆಂಪು ಪೆನ್ನಿನಲ್ಲಿ ‘ರಿಜೆಕ್ಟೆಡ್’ ಎಂದು ಬರೆಯುವುದು. ಇಪ್ಪತ್ತು ವರ್ಷದಿಂದ ಇದೇ.

ಮನೆಯಲ್ಲಿ ವಿರೋಧ ಪಕ್ಷ ಅಂದರೆ ಅವ್ವ. ಬಿಜಾಪುರದ ಕಡೆಯ ಹಳ್ಳಿಯಲ್ಲಿ ನಾಲ್ಕನೇ ಇಯತ್ತೆ ತನಕ ಓದಿದವಳು. ಎಲ್ಲರಿಗೂ ಬರುವ ಮಗ್ಗಿ ಸರಿಯೇ, ಅವಳಿಗೆ ಒಂದೂವರೆಯ ಮಗ್ಗಿ, ಎರಡೂವರೆಯ ಮಗ್ಗಿಯೂ ಬಾಯಲ್ಲೇ ಇದ್ದವು. ದೀಡಕಿ, ಅಡೀಚಕಿ ಎನ್ನುತ್ತಿದ್ದಳು. ಪರದೆ ಹೊಲಿಯುವವನು ಟೇಪು ಬಿಚ್ಚುವಷ್ಟರಲ್ಲಿ ಏಳು ಕಿಟಕಿಗೆ ಎಷ್ಟು ಬಟ್ಟೆ ಬೇಕೆಂದು ಹೇಳಿ ಮುಗಿಸಿರುತ್ತಿದ್ದಳು.

“ಮದ್ಲ ಬಾಯಿಗಿ ಬರ್ಲಿ. ತಿಳಿಯೂದು ಎಲ್ಲಿ ಹೋಗ್ತೈತಿ, ಹಿಂದಿಂದ ಬರ್ತೈತಿ” ಎಂಬುದು ಅವಳ ಶಿಕ್ಷಣ ನೀತಿ.

ಹೆಂಡತಿ ಯಾರ ಪಕ್ಷವೂ ಅಲ್ಲ. ಫಾರ್ಮನ್ನು ಆಯಸ್ಕಾಂತದಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, “ಶನಿವಾರದೊಳಗ ಒಂದ್ ಗೀಟ್ ಹಾಕ್ರಿ ಸಾಕು, ಭಾಷಣ ಬ್ಯಾಡ” ಎಂದಳು.

ಆ ಭಾನುವಾರ ಮಗಳು ಪೈ ಬೆಲೆಯನ್ನು ಉರು ಹೊಡೆಯುತ್ತಿದ್ದಳು. ಟ್ವೆಂಟಿಟೂ ಬೈ ಸೆವೆನ್, ಟ್ವೆಂಟಿಟೂ ಬೈ ಸೆವೆನ್. ಅದು ಎಲ್ಲಿಂದ ಬಂತು ಎಂದು ಕೇಳಿದೆ. ಪುಸ್ತಕದಿಂದ ಎಂದಳು. ನನಗೆ ಬೇಕಾಗಿದ್ದ ಉತ್ತರ ಅದೇ. ಯಾವ ವೃತ್ತವನ್ನಾದರೂ ತೆಗೆದುಕೋ, ಸುತ್ತಳತೆಯನ್ನು ಅಡ್ಡಳತೆಯಿಂದ ಭಾಗಿಸಿದರೆ ಮೂರಕ್ಕಿಂತ ತುಸು ಹೆಚ್ಚಿನ ಅದೇ ಸಂಖ್ಯೆ ಬರುತ್ತದೆ, ನಾವೇ ಅಳೆದು ನೋಡೋಣ ಎಂದೆ. ವೃತ್ತ ಹುಡುಕುತ್ತ ಸುತ್ತ ನೋಡಿದೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು.

ಅವ್ವ ಲಟ್ಟಣಿಗೆ ಮುಟ್ಟಿದವಳಲ್ಲ. ಜೋಳದ ಹಿಟ್ಟನ್ನು ಕೈಯಲ್ಲೇ ಬಡಿದು ಬಡಿದು ಹಂಚಿನ ಮೇಲೆ ಹುಣ್ಣಿಮೆ ಮಾಡುತ್ತಿದ್ದಳು. ಎರಡನೇ ಬ್ಲಾಕಿನ ಕನ್ನಡದ ಹೆಣ್ಣುಮಕ್ಕಳು ಅದನ್ನು ನೋಡಲೆಂದೇ ಬಂದು ನಿಲ್ಲುವುದಿತ್ತು.

ಹೊಲಿಗೆ ಡಬ್ಬಿಯಿಂದ ಸ್ವೆಟರಿನ ಉಣ್ಣೆ ದಾರ ತೆಗೆದೆ. ಒಂದು ರೊಟ್ಟಿಯ ಅಂಚಿಗೆ ಸುತ್ತಿದೆ, ಗುರುತು ಮಾಡಿದೆ, ದಾರವನ್ನು ಸ್ಕೇಲಿನ ಮೇಲೆ ಎಳೆದು ಹಿಡಿದು ಓದಿದೆ. ಇನ್‌ಸ್ಪೆಕ್ಷನ್ನಿನ ಶಿಸ್ತಿನಂತೆ ಮೂರು ಸಲ. ಅಡ್ಡಳತೆ ಇಪ್ಪತ್ತೊಂದು ಸೆಂಟಿಮೀಟರು, ಸುತ್ತಳತೆ ಎಪ್ಪತ್ತೊಂದು. ಮೂರು ಸಲವೂ ಎಪ್ಪತ್ತೊಂದೇ. ಭಾಗಿಸಿದರೆ ಹತ್ತಿರ ಹತ್ತಿರ ಮೂರು ಪಾಯಿಂಟ್ ನಾಲ್ಕು.

ಪೈ ಬರಲಿಲ್ಲವಲ್ಲ ಎಂದಳು ಮಗಳು.

ಇಂಥ ಹೊತ್ತಿನಲ್ಲಿ ತಿಳಿದವನು ತನ್ನ ಅಳತೆಯನ್ನು ಅನುಮಾನಿಸುತ್ತಾನೆ. ನಾನು ರೊಟ್ಟಿಯನ್ನು ಅನುಮಾನಿಸಿದೆ. ಇಪ್ಪತ್ತು ವರ್ಷ ಇನ್ನೊಬ್ಬರ ಮಾಲನ್ನು ಅನುಮಾನಿಸಿಯೇ ಹೊಟ್ಟೆ ಹೊರೆದವನು. ವಸ್ತು ಪೂರ್ತಿ ಗುಂಡಗಿಲ್ಲ, ಅದಕ್ಕೇ ಹೀಗಾಗಿದೆ ಎಂದು ವಿವರಿಸಿದೆ. ಮಗಳ ನೋಟ್‌ಬುಕ್ಕಿನಲ್ಲಿ ಮೂರೂ ಅಳತೆಗಳನ್ನು ಬರೆದೆ. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಅವಳ ಕೆಂಪು ಪೆನ್ನು ಎತ್ತಿಕೊಂಡು ಕೆಳಗೆ ಆ ಪದವನ್ನು ಬರೆದುಬಿಟ್ಟಿತು.

ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಕೆಂಪು ಶಾಯಿಗೆ ಭಾಷೆ ಬೇಕಿಲ್ಲ. ನಿಮ್ಮಪ್ಪ ಏನು ಬರೆದ ಎಂದು ಮೊಮ್ಮಗಳನ್ನು ಕೇಳಿದಳು. ಮೊಮ್ಮಗಳು ಸತ್ಯವಂತೆ.

“ನಾಪಾಸ್ ಅಂತ ಬರದಾರ, ಅಜ್ಜಿ.”

ಅವ್ವ ಹಂಚು ಇಳಿಸಿದಳು. ಕೈ ತೊಳೆದಳು. “ಐವತ್ತ್ ವರ್ಷ ಆತು ಬಡಿಯಾಕತ್ತು. ನಿಮ್ಮಪ್ಪ ಒಂದ್ ದಿನ ಹೆಸರಿಟ್ಟಿದ್ದಿಲ್ಲ” ಎಂದಳು ನನಗೆ. ಉಳಿದ ಹಿಟ್ಟಿನ ಡಬ್ಬಿಗೆ ಮುಚ್ಚಳ ಹಾಕಿದ ಸದ್ದು ಕೆಳಗಿನ ವಾಚ್‌ಮನ್‌ಗೂ ಕೇಳಿಸಿರಬೇಕು.

ಸೋಮವಾರ ಅನ್ನ. ಮಂಗಳವಾರ ಅನ್ನ. ಬುಧವಾರ ಉಪ್ಪಿಟ್ಟು, ಅದರ ಹಿಂದೆ ಮತ್ತೆ ಅನ್ನ. ಗುರುವಾರದ ಹೊತ್ತಿಗೆ ನನ್ನ ತತ್ವಗಳು ಸಡಿಲವಾಗತೊಡಗಿದವು. ಒಂದು ರೊಟ್ಟಿಯಲ್ಲಿ ಪೈ ತೋರಿಸಲಾಗದವನು ಅಳೆದು ಕಲಿಯಿರಿ ಎಂದು ಊರಿಗೆ ಹೇಳುವುದು ಹೇಗೆ? ಬಾಯಿಪಾಠದಲ್ಲೂ ಒಂದಿಷ್ಟು ಒಳ್ಳೆಯದಿದೆ ಎಂದು ಲಿಫ್ಟಿನ ಬಾಗಿಲಲ್ಲಿ ಒಬ್ಬರಿಗೆ ಹೇಳಲು ಶುರು ಮಾಡಿದೆ. ಅವರು ಮೆಟ್ಟಿಲು ಹಿಡಿದರು. ಫಾರ್ಮಿನ ಮೇಲೆ ಪೆನ್ಸಿಲಿನಲ್ಲಿ ಜನರಲ್ಲಿಗೆ ಗುರುತು ಹಾಕಿ ಅಳಿಸಿದೆ, ಫೌಂಡೇಶನ್ನಿಗೆ ಹಾಕಿ ಅಳಿಸಿದೆ. ಕಾಗದ ತೆಳ್ಳಗಾಗಿ ಆ ಕಡೆಯ ಫ್ರಿಜ್ಜು ಕಾಣತೊಡಗಿತು. ಶುಕ್ರವಾರ ಬೆಳಿಗ್ಗೆ ಫೌಂಡೇಶನ್ನಿನ ಚೌಕದಲ್ಲಿ ಸಣ್ಣದೊಂದು ಗುರುತು ಉಳಿಸಿ, ಯಾರ ಮುಖವನ್ನೂ ನೋಡದೆ ಕಾರ್ಖಾನೆಗೆ ಹೋದೆ.

ಸಂಜೆ ಬಂದರೆ ಹಾಲಿನ ಕುರ್ಚಿಗಳೆಲ್ಲ ಗೋಡೆಗೆ ಒತ್ತಿಕೊಂಡಿದ್ದವು. ನೆಲದ ಮೇಲೆ ಉದ್ದಕ್ಕೂ ಸೀಮೆಸುಣ್ಣದ ಗೆರೆ. ಒಂದು ತುದಿಯಲ್ಲಿ ಮಗಳು, ಇನ್ನೊಂದು ತುದಿಯಲ್ಲಿ ಸೆರಗು ಸಿಕ್ಕಿಸಿಕೊಂಡ ಅವ್ವ. ನಡುವೆ ಒಂದು ಕಟಕ ರೊಟ್ಟಿ, ಅಂದರೆ ತಿಂಗಳುಗಟ್ಟಲೆ ಇಡಲು ಒಣಗಿಸಿದ, ಹಪ್ಪಳದಂಥ ರೊಟ್ಟಿ, ಗಾಲಿಯ ಹಾಗೆ ನಿಂತು ಉರುಳುತ್ತಿತ್ತು. ಅದರ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟಿದ್ದರು. ಚುಕ್ಕಿ ತಿರುಗಿ ನೆಲ ಮುಟ್ಟುವ ತನಕ ಕೈ ಬಿಡಬೇಡ ಎಂದು ಅವ್ವ ಹೇಳಿಕೊಡುತ್ತಿದ್ದಳು. ಬಳೆ, ಡಬ್ಬಿಯ ಮುಚ್ಚಳ, ಹಂಚು, ಎಲ್ಲವೂ ಆಗಲೇ ಉರುಳಿ ಸುಸ್ತಾಗಿ ಬಿದ್ದಿದ್ದವು.

ಮಗಳು ನೋಟ್‌ಬುಕ್ ತೋರಿಸಿದಳು. ಅಡ್ಡ ಇಪ್ಪತ್ತೊಂದು, ಸುತ್ತ ಅರವತ್ತಾರು.

“ಅಜ್ಜಿ ರೊಟ್ಟಿ ಪಾಸ್. ನಿಮ್ಮ ದಾರ ಫೇಲ್, ಅಪ್ಪಾ. ಉಣ್ಣಿದು ಅದು. ಸುತ್ತೂಮುಂದ ಸಡ್ಲ ಇತ್ತು, ಅಳತಿ ಮಾಡೂಮುಂದ ನೀವು ಜಗ್ಗಿದ್ರಿ.”

ಅಳತೆಯ ಸಾಧನ ಹಿಗ್ಗುವಂಥದ್ದಾಗಿರಬಾರದು ಎಂದು ಕಾರ್ಖಾನೆಗೆ ಬರುವ ಹೊಸಬರಿಗೆ ಮೊದಲ ದಿನವೇ ಪಾಠ ಮಾಡುವವನು ನಾನು.

ಅವ್ವ ಆಗಲೇ ಮುಂದಕ್ಕೆ ಹೋಗಿದ್ದಳು. ಇದಕ್ಕೂ ಒಂದು ಮಗ್ಗಿ ಕಟ್ಟಿ ದೀಡಕಿಯ ರಾಗದಲ್ಲಿ ಹೇಳಿಸುತ್ತಿದ್ದಳು: “ಏಳಕ್ಕ ಇಪ್ಪತ್ತೆರ್ಡು, ಹದಿನಾಕಕ್ಕ ನಲ್ವತ್ನಾಕು, ಇಪ್ಪತ್ತೊಂದಕ್ಕ ಅರವತ್ತಾರು.” ಮಗಳು ತಲೆ ಆಡಿಸುತ್ತ ಎಪ್ಪತ್ತಕ್ಕ ಇನ್ನೂರಾ ಇಪ್ಪತ್ತರ ತನಕ ಹೇಳಿ ನಿಲ್ಲಿಸಿದಳು. ಅಳೆದು ಕಲಿತದ್ದೂ ಆಯಿತು, ಬಾಯಿಪಾಠವೂ ಆಯಿತು. ಗೆದ್ದವರು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಸೋತವನು ಗೊತ್ತು.

ಆಮೇಲೆ ಮಗಳು ಫ್ರಿಜ್ಜಿನ ಕಡೆ ನೋಡಿದಳು.

“ಫೌಂಡೇಶನ್ದಾಗ ಇದೆಲ್ಲಾ ಇರಂಗಿಲ್ಲ, ಅಪ್ಪಾ. ನನಗ ಯಾರೂ ಕೇಳೇ ಇಲ್ಲ.”

ಇಡೀ ಅಪಾರ್ಟ್‌ಮೆಂಟಿನ ಅಭಿಪ್ರಾಯ ನನ್ನ ಹತ್ತಿರ ಇತ್ತು, ಇವಳದೊಂದನ್ನು ಬಿಟ್ಟು. ಆಗ ಕೇಳಿದೆ. ಜನರಲ್ ಎಂದಳು, ನೆಲದ ಗೆರೆಯನ್ನು ಕಾಲಿನಿಂದ ಒರೆಸುತ್ತ. ಪೆನ್ಸಿಲಿನ ಗುರುತನ್ನು ಅಳಿಸಿದೆ. ಆದರೆ ಪೆನ್ನು ಎತ್ತಲು ಧೈರ್ಯ ಬರಲಿಲ್ಲ. ಖಾಲಿ ಫಾರ್ಮನ್ನೇ ಮಡಚಿ ಜೇಬಿಗಿಟ್ಟುಕೊಂಡೆ.

ಶನಿವಾರ ಶಾಲೆಯಲ್ಲಿ ಪಾಲಕರನ್ನು ಮಕ್ಕಳ ಜೊತೆ ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದರು. ಮೇಜಿನ ಹಿಂದೆ ಫೌಂಡೇಶನ್ ಸೆಕ್ಷನ್ನಿನ ಗಣಿತದ ಸರ್, ಜೇಬಿಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡ ಸಣಕಲು ಮನುಷ್ಯ, ತೆಲುಗಿನವರು. ಗಣಿತ ಬೋಧನೆಯ ಬಗ್ಗೆ ನಾನು ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ಖಾಲಿ ಚೌಕಗಳನ್ನು ನೋಡಿ ಅವರು ನನ್ನನ್ನು ಏನೂ ಕೇಳಲಿಲ್ಲ, ಮಗಳನ್ನು ಪೈ ಬೆಲೆ ಕೇಳಿದರು. ಅವಳು ಬಾಯಲ್ಲಿ ಹೇಳುವ ಬದಲು ಚೀಲದಿಂದ ಕಟಕ ರೊಟ್ಟಿ ತೆಗೆದಳು. ಅವರದೇ ಸೀಮೆಸುಣ್ಣ ಇಸಿದುಕೊಂಡು ಮೇಜಿನ ಮೇಲೆ ಗೆರೆ ಎಳೆದು ಉರುಳಿಸಿದಳು. ಮನೆಯ ನೆಲ ಸಪಾಟು, ಶಾಲೆಯ ಮೇಜು ಇಳಿಜಾರು. ರೊಟ್ಟಿ ಒಂದು ಸುತ್ತು ಮುಗಿಸಿ ನಿಲ್ಲದೆ, ಉಳಿದ ಫಾರ್ಮುಗಳನ್ನೆಲ್ಲ ದಾಟಿ, ಸರ್ ಮಡಿಲಿಗೆ ಬಿದ್ದು ಎರಡಾಯಿತು.

ನಾನು ಕ್ಷಮೆ ಕೇಳಲು ತಯಾರಾದೆ. ಸರ್ ಆ ಕಡೆ ಈ ಕಡೆ ನೋಡಿದರು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು, ಮೇಜಿನ ಮೇಲೆ ಉಳಿದ ಗೆರೆಯನ್ನು ಸ್ಕೇಲಿನಿಂದ ಅಳೆದರು.

“ಪಾಪನಿ ಅಕ್ಕಡೇ ಉಂಚಂಡಿ ಸಾರ್” ಎಂದರು ನನಗೆ, ಜನರಲ್ಲಿನ ಖಾಲಿ ಚೌಕದ ಮೇಲೆ ಬೆರಳಿಟ್ಟು. ಮಗುವನ್ನು ಅಲ್ಲೇ, ಜನರಲ್ಲಿನಲ್ಲೇ ಇರಲು ಬಿಡಿ ಎಂದು. ಮತ್ತೆ ದನಿ ಇಳಿಸಿ, ತನ್ನ ಕ್ಲಾಸಿನಲ್ಲಿ ನಲವತ್ತು ನಿಮಿಷಕ್ಕೆ ನಲವತ್ತು ಲೆಕ್ಕ, ಉರುಳಿಸಲು ಪುರಸೊತ್ತೇ ಇಲ್ಲ ಎಂದರು. ಮೂರನೆಯ ಮಾತು ಇನ್ನೂ ಸಣ್ಣ ದನಿಯಲ್ಲಿ ಬಂತು. ಸೋಮವಾರಕ್ಕೆ ಇಂಥವು ಒಂದಿಷ್ಟು ಸಿಗಬಹುದೇ ಎಂದು.

ಜನರಲ್ಲಿಗೆ ಪೆನ್ನಿನಲ್ಲೇ ಗುರುತು ಹಾಕಿದೆ. ಹೊರಗೆ ಬಂದು ಸ್ಕೂಟರ್ ಹೊಡೆಯುತ್ತಿದ್ದಂತೆ ಹೊಸ ಚಿಂತೆ ಹತ್ತಿತು. ಅವರು ಹಾಗೆ ಹೇಳಿದ್ದು ಇವಳು ಜಾಣೆ ಅಂತಲೋ, ಫೌಂಡೇಶನ್ನಿಗೆ ಲಾಯಕ್ಕಿಲ್ಲ ಅಂತಲೋ? ಹಿಂದೆ ಕೂತವಳನ್ನು ಎರಡು ಸಲ ಕೇಳಿದೆ. ಮೂರನೇ ಸಲಕ್ಕೆ, “ಗಾಡಿ ನೋಡಿ ಹೊಡೀರಿ, ಅಪ್ಪಾ” ಎಂದಳು.

ಭಾನುವಾರ ಅವ್ವ ಹಂಚು ಇಟ್ಟಳು. ಸೋಮವಾರ ಒಂದು ಕಟ್ಟು ಕಟಕ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಯ ಡಬ್ಬಿ ಫೌಂಡೇಶನ್ ಸೆಕ್ಷನ್ನಿಗೆ ಹೋದವು. ಚಟ್ನಿಯಿಂದ ಯಾವ ಸೂತ್ರ ಕಲಿಸಿದರೋ ತಿಳಿಯದು, ಡಬ್ಬಿ ಮಾತ್ರ ತೊಳೆದಂತೆ ಖಾಲಿಯಾಗಿ ಬಂತು.

ನನಗೂ ಆ ಭಾನುವಾರ ರೊಟ್ಟಿ ಸಿಕ್ಕಿತು. ಮಗಳ ತಟ್ಟೆಗೆ ಇಡೀ ಹುಣ್ಣಿಮೆ ಬಿತ್ತು, ಹೆಂಡತಿಯ ತಟ್ಟೆಗೂ ಬಿತ್ತು. ನನ್ನ ಸರದಿ ಬಂದಾಗ ಅವ್ವ ಬಿಸಿ ರೊಟ್ಟಿಯನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಮುರಿದು ನಾಲ್ಕು ತುಂಡು ಮಾಡಿ ಹಾಕಿದಳು.

“ತಗೋ, ಈಗ ಅಳತಿ ಮಾಡು” ಎಂದಳು.

ಅವತ್ತಿನಿಂದ ನನಗೆ ಹಾಗೆಯೇ ಹಾಕುತ್ತಾಳೆ.